ಈಚಲಮರದ ಮೊಳೆ

"ಅಕ್ಕೋರೆ, ನಾಳೆಯೂ ಈ ಮೊಳೆ ನನ್ನದೇ?"

ಸೋಮವಾರ ಬೆಳಿಗ್ಗೆ ಏಳೂಕಾಲರ ಸುಮಾರಿಗೆ ಕೇಳಿದ ಮಾತು. ಇವತ್ತು ಶನಿವಾರ. ಅಕ್ಕಿ ತೊಳೆಯುವಾಗ, ಲೋಕಲ್ ರೈಲಿನಲ್ಲಿ ಕಂಬ ಹಿಡಿದು ನಿಂತಾಗ, ರಾತ್ರಿ ದೀಪ ಆರಿಸಿದ ಮೇಲೆ, ಅದೇ ದನಿಯಲ್ಲಿ ಮತ್ತೆ ಮತ್ತೆ ಕೇಳಿಸುತ್ತಲೇ ಇದೆ. ಒಂದನೆಯ ತರಗತಿಗೆ ಕಲಿಸಲು ಹಿಡಿದು 19 ವರ್ಷವಾಯಿತು. ಮೊದಲ ದಿನ ಮಕ್ಕಳು ಅತ್ತದ್ದು, ಗೇಟಿನವರೆಗೆ ಓಡಿಹೋದದ್ದು, ಬಾಗಿಲ ಚೌಕಟ್ಟನ್ನು ಅಪ್ಪಿಕೊಂಡು ಬಿಡದೆ ನಿಂತದ್ದು, ಎಲ್ಲವನ್ನೂ ನೋಡಿದ್ದೇನೆ. ಈ ಪ್ರಶ್ನೆಯನ್ನು ಮಾತ್ರ ಯಾರೂ ಕೇಳಿರಲಿಲ್ಲ.

ನಮ್ಮದು ಮುಂಬಯಿಯ ಸಯನ್ ಕಡೆಯ ಒಂದು ಕನ್ನಡ ಮಾಧ್ಯಮ ಶಾಲೆ. ಊರಿನಲ್ಲಿ ಜೂನ್ ಹುಟ್ಟುವಷ್ಟರಲ್ಲಿ ಶಾಲೆ ತೆರೆದರೆ, ಇಲ್ಲಿ ಜೂನ್ ನಡುವಿಗೆ, ಮಳೆ ಹಿಡಿದುಕೊಂಡ ಹೊತ್ತಿಗೆ ಗಂಟೆ ಬಾರಿಸುತ್ತದೆ. ನನ್ನ ತರಗತಿಯ ಮಕ್ಕಳಲ್ಲಿ ಹೆಚ್ಚಿನವರು ಯಾದಗಿರಿ, ಕಲಬುರಗಿ, ವಿಜಯಪುರದಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳು. ಕೆಲವರು ಕಾರಹುಣ್ಣಿಮೆ, ಬಿತ್ತನೆ ಎಲ್ಲ ಮುಗಿಸಿಕೊಂಡೇ ಬರುತ್ತಾರೆ. ಅವರ ಬಾಯಲ್ಲಿ ಶಿಕ್ಷಕಿ ಎಂದರೆ 'ಅಕ್ಕೋರು'. ಉಡುಪಿ ಕಡೆಯವಳಾದ ನಾನು ಮೊದಲ ವರ್ಷ ಆ ಕರೆಗೆ ತಿರುಗಿಯೂ ನೋಡುತ್ತಿರಲಿಲ್ಲ. ಈಗ 'ಟೀಚರ್' ಎಂದು ಯಾರಾದರೂ ಕರೆದರೆ ಬೇರೆ ಯಾರನ್ನೋ ಕರೆದಂತೆ ಅನ್ನಿಸುತ್ತದೆ.

ಶಾಲೆ ತೆರೆಯುವ ಮುನ್ನಾದಿನ ನಾನು ಮಾಡುವ ಕೆಲಸ ಒಂದೇ. ಬಾಗಿಲ ಪಕ್ಕದ ಗೋಡೆಯಲ್ಲಿ, ಮಗುವಿನ ಭುಜದ ಎತ್ತರಕ್ಕೆ ಸಾಲಾಗಿ ಮೊಳೆಗಳಿವೆ. ಒಂದೊಂದರ ಕೆಳಗೂ ಒಂದೊಂದು ಚಿತ್ರ ಅಂಟಿಸುತ್ತೇನೆ. ಹಳೆಯ ಮದುವೆ ಕರೆಯೋಲೆಗಳ ಹಿಂಬದಿಯಲ್ಲಿ ನಾನೇ ಬರೆದ ಚಿತ್ರಗಳು: ಮೀನು, ಕೊಡೆ, ಬಸ್ಸು, ಎತ್ತು, ಮಾವಿನಹಣ್ಣು, ತೆಂಗಿನಮರ. ಹೆಸರು ಓದಲು ಬಾರದ ಮಗುವಿಗೆ ಆ ಚಿತ್ರವೇ ಹೆಸರು. ಬರುವಾಗ ರೇನ್‌ಕೋಟನ್ನು ಹೊಸ್ತಿಲ ಹೊರಗೇ ಕೊಡವಬೇಕು, ತನ್ನ ಮೊಳೆಗೆ ತಗುಲಿಸಬೇಕು, ಚಪ್ಪಲಿಯನ್ನು ಗೋಡೆಗೆ ತಾಗಿಸಿ ಇಡಬೇಕು, ಬಂದು ಕೂರಬೇಕು. ಮೊದಲ ದಿನ ಇಷ್ಟೇ. ಮೊದಲು ನಾನು ಮಾಡಿ ತೋರಿಸುತ್ತೇನೆ. ಆಮೇಲೆ ಇಬ್ಬರು ಮಕ್ಕಳು ಮಾಡುತ್ತಾರೆ, ಉಳಿದವರು ನೋಡುತ್ತಾರೆ. ನಂತರ ಎಲ್ಲರೂ. ಸೋಮವಾರ ನಾಲ್ಕು ಸಲ ಎಲ್ಲರನ್ನೂ ಹೊರಗೆ ಕಳುಹಿಸಿ ಒಳಗೆ ಕರೆದೆ. ನಾಲ್ಕನೆಯ ಸಲ ಯಾರೂ ಯಾರನ್ನೂ ತಳ್ಳಲಿಲ್ಲ.

ಮರುದಿನಕ್ಕೆ ಇನ್ನೆರಡು ಸೇರುತ್ತವೆ. ನಾನು ಎರಡು ಚಪ್ಪಾಳೆ ತಟ್ಟಿದರೆ ಮಕ್ಕಳು ಮೂರನೆಯದನ್ನು ತಟ್ಟಿ ಸುಮ್ಮನಾಗಬೇಕು. ಒಂದಕ್ಕೆ ಹೋಗಬೇಕಾದರೆ ಕಿರುಬೆರಳು ಎತ್ತಿದರೆ ಸಾಕು, ಎಲ್ಲರ ಮುಂದೆ ಬಾಯಿಬಿಟ್ಟು ಕೇಳಬೇಕಿಲ್ಲ. ಕೇಳಲು ನಾಚಿಕೊಂಡು ಚಡ್ಡಿ ಒದ್ದೆ ಮಾಡಿಕೊಂಡ ಮಗು ಮೂರು ದಿನ ಶಾಲೆಯ ಕಡೆ ಮುಖ ಹಾಕುವುದಿಲ್ಲ. ಬುಧವಾರಕ್ಕೆ ಕೈ ತೊಳೆಯುವ ಸಾಲು, ಊಟದ ತಟ್ಟೆ ಹಿಡಿಯುವ ರೀತಿ. ಈ ಮಕ್ಕಳಿಗೆ ಶಾಲೆಯ ಖಿಚಡಿ ದಿನದ ದೊಡ್ಡ ಊಟ. ನೂಕುನುಗ್ಗಲಿನಲ್ಲಿ ಅದು ನೆಲದ ಪಾಲಾದರೆ ಆ ಮಗುವಿಗೆ ಆಮೇಲಿನ ಪಾಠ ಯಾವುದೂ ಕಿವಿಗೆ ಬೀಳುವುದಿಲ್ಲ.

ಆ ಹುಡುಗಿ ಸೋಮವಾರ ಬಂದದ್ದು ಸಿಮೆಂಟ್ ಚೀಲದ ಕೊಪ್ಪೆ ಹೊದ್ದುಕೊಂಡು. ಚೀಲದ ಒಂದು ಮೂಲೆಯನ್ನು ಇನ್ನೊಂದು ಮೂಲೆಯೊಳಕ್ಕೆ ತೂರಿಸಿ, ಅಂಚನ್ನು ದಪ್ಪ ದಾರದಿಂದ ಹೊಲಿದಿದ್ದರು. ಯಾರೋ ಅಕ್ಕರೆಯಿಂದ ಹೊಲಿದದ್ದು. ಹೊಲಿಗೆಗಳೆಲ್ಲ ಒಂದೇ ಅಳತೆಯವು. ನನ್ನ ಅಜ್ಜಿ ಗದ್ದೆಗೆ ಇಳಿಯುವಾಗ ಹೊದೆಯುತ್ತಿದ್ದ ಗೊರಬು ನೆನಪಾಯಿತು. ಅವಳ ಪಾಲಿಗೆ ತೆಂಗಿನಮರದ ಮೊಳೆ ಬಂದಿತ್ತು. ಚಿತ್ರವನ್ನು ತುಂಬಾ ಹೊತ್ತು ನೋಡಿ, "ಈಚಲಮರ" ಎಂದಳು. ಅವಳ ಊರಿನ ಹಳ್ಳದ ದಂಡೆಯಲ್ಲಿ ಬೆಳೆಯುವುದು ಅದು. ಹೌದು, ಈಚಲಮರವೇ ಎಂದೆ. ಕೊಪ್ಪೆಯನ್ನು ತಗುಲಿಸಿ, ಅದು ಬೀಳುವುದಿಲ್ಲ ಎಂಬುದನ್ನು ಕೈಬಿಟ್ಟು ನೋಡಿ, ನನ್ನ ಕಡೆ ತಿರುಗಿ ಕೇಳಿದಳು:

"ಅಕ್ಕೋರೆ, ನಾಳೆಯೂ ಈ ಮೊಳೆ ನನ್ನದೇ?"

"ನಾಳೆಯೂ ನಿನ್ನದೇ. ವರ್ಷ ಪೂರ್ತಿ ನಿನ್ನದೇ" ಎಂದೆ. ಹಾಗೆ ಹೇಳುವಾಗ ನನ್ನ ಕೈ ಇನ್ನೊಂದು ಮಗುವಿನ ಮೂಗು ಒರೆಸುತ್ತಿತ್ತು, ಕಣ್ಣು ಬಾಗಿಲಲ್ಲಿ ನಿಂತಿದ್ದ ಪೋಷಕರ ಮೇಲಿತ್ತು. ಅಷ್ಟು ಸುಲಭವಾಗಿ ಮಾತು ಕೊಟ್ಟುಬಿಟ್ಟೆ.

ಶಾಲೆ ಬಿಟ್ಟಾಗ ಗೇಟಿನ ಬಳಿ ಅವಳ ತಾಯಿ ಸಿಕ್ಕಿದರು. ಸೊಂಟದಲ್ಲಿ ಕೂಸು, ತಲೆಯ ಮೇಲೆ ಸೆರಗು. ಕಳೆದ ದೀಪಾವಳಿಯಿಂದ ಈಚೆಗೆ ಠಾಣೆ, ಮುಲುಂಡ್, ಕಾಂಜೂರಮಾರ್ಗ ದಾಟಿ ಇಲ್ಲಿಗೆ ಬಂದಿದ್ದೇವೆ ಎಂದರು. ಪ್ರತಿ ಕಡೆಯೂ ತಗಡಿನ ಶೆಡ್ಡು. ಗೋಡೆ ಎದ್ದು ಸ್ಲ್ಯಾಬ್ ಬಿದ್ದು ಕಟ್ಟಡ ಮುಗಿಯಿತೆಂದರೆ ಶೆಡ್ಡು ಬಿಚ್ಚುತ್ತಾರೆ. "ಮುಂದೆ ಎಲ್ಲಿ ಎಂಬುದು ನಮಗೂ ಗೊತ್ತಿರುವುದಿಲ್ಲ ಅಕ್ಕೋರೆ, ಮೇಸ್ತ್ರಿ ಹೇಳಿದ ದಿನ ಗಂಟು ಕಟ್ಟುವುದು." ಇದನ್ನು ದುಃಖದಿಂದ ಹೇಳಲಿಲ್ಲ, ಲೆಕ್ಕ ಒಪ್ಪಿಸಿದಂತೆ ಹೇಳಿದರು. ನನಗೆ ಆಗ ಆ ಪ್ರಶ್ನೆ ಅರ್ಥವಾಯಿತು.

ಮಂಗಳವಾರ ಗೋಡೆಯ ಮೇಲೆ ಒಂದೂ ಚಿತ್ರ ಇರಲಿಲ್ಲ.

ಮೊಳೆಗಳಿದ್ದವು, ಅಷ್ಟೇ. ಕೆಳಗೆ ಅಂಟಿನ ಕಲೆ. ಮಕ್ಕಳು ತೋಚಿದಲ್ಲಿ ತಗುಲಿಸಿದರು, ಎರಡು ರೇನ್‌ಕೋಟು ನೆಲಕ್ಕೆ ಬಿದ್ದವು, ಒಂದು ಜಗಳ ಎದ್ದಿತು. ಆ ಹುಡುಗಿ ಗೋಡೆಯ ಮುಂದೆ ನಿಂತಳು. ಅಳಲಿಲ್ಲ. ನನ್ನನ್ನು ಏನೂ ಕೇಳಲೂ ಇಲ್ಲ. ಒಮ್ಮೆ ನನ್ನ ಮುಖ ನೋಡಿ, ಒದ್ದೆ ಕೊಪ್ಪೆಯನ್ನು ಮಡಿಸಿ ಕಂಕುಳಲ್ಲಿ ಇಟ್ಟುಕೊಂಡು ಹೋಗಿ ಕೂತಳು. ಇಡೀ ಬೆಳಿಗ್ಗೆ ಹಾಗೆಯೇ ಕೂತಿದ್ದಳು. ಅವಳ ಕಾಲ ಬಳಿ ನೀರು ಸಣ್ಣಗೆ ಹರಿದು ಬೆಂಚಿನ ಕೆಳಗೆ ನಿಂತಿತ್ತು. ಅತ್ತಿದ್ದರೆ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ. ಇದು ಹೀಗೇ ಆಗುತ್ತದೆ ಎಂದು ಆರು ವರ್ಷದ ಮಗುವಿಗೆ ಮೊದಲೇ ಗೊತ್ತಿತ್ತು.

ನನಗೆ ಬಂದ ಸಿಟ್ಟೆಲ್ಲ ಗುಡಿಸುವವನ ಮೇಲೆ. ಅವನನ್ನು ಕರೆದು ನಾಲ್ಕು ಮಾತು ಆಡಿಯೂಬಿಟ್ಟೆ. ಅವನು ಚಿತ್ರ ಮುಟ್ಟಿರಲಿಲ್ಲ. ಮರುದಿನ ಅವನ ಕ್ಷಮೆ ಕೇಳಿದೆ, ಆದರೂ ಆ ಮಾತುಗಳು ಇನ್ನೂ ನನ್ನನ್ನು ಚುಚ್ಚುತ್ತಿವೆ. ಮುಖ್ಯೋಪಾಧ್ಯಾಯಿನಿಯವರು ಒಳ್ಳೆಯ ಹೆಂಗಸು, ಮಕ್ಕಳನ್ನು ಕಂಡರೆ ಪ್ರೀತಿ. ಆದರೆ ಯಾವ ವಿಷಯವೂ ದೊಡ್ಡದಾಗದಿರಲಿ ಎಂಬುದೇ ಅವರ ದೊಡ್ಡ ಆಸೆ. "ಹೋಗಲಿ ಬಿಡಿ, ಎರಡು ಪಾಳಿಯ ಕಟ್ಟಡದಲ್ಲಿ ಇದೆಲ್ಲ ಇದ್ದದ್ದೇ" ಎಂದರು.

ಎರಡು ಪಾಳಿ ಎಂಬುದು ಮುಂಬಯಿಯಲ್ಲಿ ಹೊಸತಲ್ಲ. ಇಲ್ಲಿ ಪಾಲಿಕೆಯೇ ಕನ್ನಡವೂ ಸೇರಿ ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತದೆ. ಜಾಗ ಕಡಿಮೆಯಿರುವ ಊರಿನಲ್ಲಿ ಒಂದೇ ಕೋಣೆ ಬೆಳಿಗ್ಗೆ ಒಂದು ಭಾಷೆಯಲ್ಲಿ, ಮಧ್ಯಾಹ್ನ ಇನ್ನೊಂದು ಭಾಷೆಯಲ್ಲಿ ಅ ಆ ಇ ಈ ಹೇಳುತ್ತದೆ. ನಮ್ಮ ಕೋಣೆಗೆ ಮಧ್ಯಾಹ್ನ ಬರುವುದು ಮರಾಠಿ ಮಾಧ್ಯಮದ ಒಂದನೆಯ ತರಗತಿ. ಆ ಶಿಕ್ಷಕಿ ನನಗಿಂತ ಚಿಕ್ಕವರು. ಎರಡು ವರ್ಷಗಳಿಂದ ಬಾಗಿಲಲ್ಲಿ ಎದುರಾದಾಗ ನಕ್ಕಿದ್ದೇವೆಯೇ ಹೊರತು ಕೂತು ಮಾತಾಡಿದವರಲ್ಲ.

ಮಂಗಳವಾರ ಪಾಳಿ ಬದಲಾಗುವ ಹೊತ್ತಿಗೆ ನಿಂತು ಕೇಳಿದೆ. ಅವರು ಮಾತಾಡದೆ ತಮ್ಮ ಹಾಜರಿ ಪುಸ್ತಕ ತೆರೆದರು. ಅದರೊಳಗೆ ನನ್ನ ಇಪ್ಪತ್ತೆರಡೂ ಚಿತ್ರಗಳಿದ್ದವು, ಒಂದರ ಅಂಚೂ ಹರಿದಿರಲಿಲ್ಲ. "ನನ್ನ ಮಕ್ಕಳು ಬಸ್ಸಿನ ಚಿತ್ರಕ್ಕಾಗಿ ಹೊಡೆದಾಡಿಕೊಂಡರು ಅಕ್ಕಾ. ಏನು ಮಾಡಲಿ ತೋಚಲಿಲ್ಲ. ಬಿಡಿಸಿ ಇಟ್ಟುಕೊಂಡೆ, ನಿಮಗೆ ಕೊಡಬೇಕು ಅಂದುಕೊಂಡೆ" ಎಂದು ಮರಾಠಿಯಲ್ಲಿ ಹೇಳಿದರು. ಎರಡು ವರ್ಷದಲ್ಲಿ ಒಂದು ದಿನವಾದರೂ ಅವರ ಮಕ್ಕಳು ತಮ್ಮ ರೇನ್‌ಕೋಟು ಎಲ್ಲಿ ತಗುಲಿಸುತ್ತಾರೆ ಎಂದು ನಾನು ಯೋಚಿಸಿದ್ದೆನೇ? ಆ ಗೋಡೆಯನ್ನು ನನ್ನದೆಂದೇ ತಿಳಿದಿದ್ದೆ.

ಅಲ್ಲಿಯೇ ನಿಂತು ತೀರ್ಮಾನಿಸಿದೆವು. ಚಿತ್ರಗಳು ಗೋಡೆಯ ಮೇಲೆಯೇ ಇರುತ್ತವೆ. ಒಂದು ಚಿತ್ರಕ್ಕೆ ಇಬ್ಬರು ಒಡೆಯರು, ಬೆಳಗಿನವರೊಬ್ಬರು, ಮಧ್ಯಾಹ್ನದವರೊಬ್ಬರು. ಅವರ ತರಗತಿಯಲ್ಲಿ ಇಪ್ಪತ್ತೆಂಟು ಮಕ್ಕಳು, ಹಾಗಾಗಿ ಇನ್ನೂ ಆರು ಮೊಳೆ ಬೇಕು. ಪ್ಯೂನ್ ಸುತ್ತಿಗೆ ತಂದುಕೊಟ್ಟರು. ಆರು ಹೊಸ ಚಿತ್ರಗಳನ್ನು ಅವರೇ ಬರೆದರು. ನನಗಿಂತ ಚೆನ್ನಾಗಿ ಬರೆಯುತ್ತಾರೆ.

ಬುಧವಾರ ಮೇಲಿನಿಂದ ಒಬ್ಬರು ತಪಾಸಣೆಗೆ ಬಂದರು. ಮೂರು ದಿನವಾಯಿತು, ಒಂದು ಅಕ್ಷರವನ್ನೂ ಬರೆಸಿಲ್ಲವೇ, ಪುಸ್ತಕ ಎಷ್ಟು ಪುಟ ಆಯಿತು ಎಂದು ಮಕ್ಕಳ ಮುಂದೆಯೇ ಕೇಳಿದರು. ನಾನು ಉತ್ತರ ಹುಡುಕಬೇಕಾಗಿರಲಿಲ್ಲ. ಶಾಲಾ ಪಠ್ಯಕ್ರಮ ರೂಪಿಸುವ ಕೇಂದ್ರದ ಸಂಸ್ಥೆ ಎನ್‌ಸಿಇಆರ್‌ಟಿ 2021ರಲ್ಲಿ ರೂಪಿಸಿದ 'ವಿದ್ಯಾಪ್ರವೇಶ' ಕಾರ್ಯಕ್ರಮವೇ ಒಂದನೆಯ ತರಗತಿಯ ಮೊದಲ ಮೂರು ತಿಂಗಳನ್ನು ಮಗುವನ್ನು ಆಟದ ಮೂಲಕ ಶಾಲೆಗೆ ಒಗ್ಗಿಸುವುದಕ್ಕೆ ಬಿಟ್ಟುಕೊಟ್ಟಿದೆ. ನಾನು ಕೇಳುತ್ತಿರುವುದು ಎರಡು ವಾರ. ಅದನ್ನೇ ಹೇಳಿದೆ. ಅವರು ಬರೆದುಕೊಂಡು ಹೋದರು, ಏನು ಬರೆದುಕೊಂಡರೋ. ಅಂಥವರ ಬಗ್ಗೆ ನನ್ನ ದೂರು ಒಂದೇ: ತರಗತಿಗೆ ಬಂದವರು ಹಿಂದಿನ ಬೆಂಚಿನಲ್ಲಿ ಹತ್ತು ನಿಮಿಷ ಕೂರುವುದಿಲ್ಲ. ಕೂತಿದ್ದರೆ, ಎರಡು ಚಪ್ಪಾಳೆಗೆ ಇಪ್ಪತ್ತೆರಡು ಮಕ್ಕಳು ಒಟ್ಟಿಗೆ ಮೂರನೆಯದನ್ನು ತಟ್ಟಿದ್ದು ಕಾಣುತ್ತಿತ್ತು. ಅವರು ಮೇಜಿನ ಬಳಿ ನಿಂತು ಮಾತಾಡುತ್ತಿದ್ದಾಗ ಒಬ್ಬ ಹುಡುಗ ಕಿರುಬೆರಳು ಎತ್ತಿ, ನಾನು ತಲೆಯಾಡಿಸಿದ ಮೇಲೆ ಸದ್ದಿಲ್ಲದೆ ಹೊರಗೆ ಹೋಗಿ ಬಂದ. ಅವರು ಅದನ್ನು ಗಮನಿಸಲಿಲ್ಲ. ನನಗೆ ಅಂದು ಅದಕ್ಕಿಂತ ದೊಡ್ಡ ಪಾಠ ಇರಲಿಲ್ಲ.

ಶಿಸ್ತು ಎಂದರೆ ಕೈಕಟ್ಟಿ ಬಾಯಿ ಮುಚ್ಚಿ ಕೂರುವುದು ಎಂದು ನಮ್ಮಲ್ಲಿ ಬಹಳ ಜನ ಈಗಲೂ ನಂಬಿದ್ದಾರೆ. ನಾನೂ ಮೊದಮೊದಲು ಹಾಗೇ ನಂಬಿ ಮಕ್ಕಳನ್ನು ಗದರಿದ್ದುಂಟು. ಮುಂದೆ ಏನಾಗುತ್ತದೆ ಎಂಬುದು ಗೊತ್ತಿಲ್ಲದ ಮಗು ಸದಾ ಬಾಗಿಲ ಕಡೆಗೇ ನೋಡುತ್ತಿರುತ್ತದೆ. ಊಟ ಯಾವಾಗ, ಅಮ್ಮ ಬರುತ್ತಾಳೋ ಇಲ್ಲವೋ, ನನ್ನ ಚೀಲ ಯಾರಾದರೂ ಒಯ್ದರೆ? ಅಷ್ಟು ಯೋಚನೆ ಹೊತ್ತ ತಲೆಗೆ 'ಅ' ಇಳಿಯುವುದಾದರೂ ಹೇಗೆ? ಪ್ರಾರ್ಥನೆ ಆದ ಮೇಲೆ ಕಥೆ, ಕಥೆ ಆದ ಮೇಲೆ ನೀರು, ನೀರು ಆದ ಮೇಲೆ ಲೆಕ್ಕ ಎಂದು ಗೊತ್ತಾದ ದಿನ ಅದೇ ಮಗು ಮುಖ ತಿರುಗಿಸಿ ಹಲಗೆ ನೋಡುತ್ತದೆ.

ದೊಡ್ಡವರಾದ ನಾವೇನು ಬೇರೆಯೇ? ಡೊಂಬಿವಲಿಯಿಂದ ಬೆಳಿಗ್ಗೆ ಐದೂವರೆಯ ಸುಮಾರಿನ ನಿಧಾನ ಗಾಡಿಯಲ್ಲಿ ಅದೇ ಮಹಿಳಾ ಡಬ್ಬಿ, ಅದೇ ಬಾಗಿಲು. ಎಲ್ಲಿ ಇಳಿಯುತ್ತೀರಿ ಎಂದು ಕೇಳಿ ಸೀಟನ್ನು ಒಬ್ಬರು ಇನ್ನೊಬ್ಬರಿಗೆ ದಾಟಿಸುತ್ತೇವೆ. ಮೂವರ ಸೀಟಿನ ತುದಿಯಲ್ಲಿ ಅರ್ಧ ಒರಗಿ ಕೂರುವ ನಾಲ್ಕನೆಯ ಜಾಗಕ್ಕೂ ಇಲ್ಲಿ ಲೆಕ್ಕವಿದೆ. ಒಂದು ದಿನ ಆ ಗಾಡಿ ತಪ್ಪಿದರೆ ನನ್ನ ದಿನವಿಡೀ ಏರುಪೇರು.

ನನ್ನ ತಂದೆ ಹದಿಮೂರನೆಯ ವಯಸ್ಸಿಗೆ ಮುಂಬಯಿಗೆ ಬಂದು ಕೋಟೆ ಪ್ರದೇಶದ ಒಂದು ಹೋಟೆಲಿನಲ್ಲಿ ಲೋಟ ತೊಳೆದವರು. ಹಗಲು ಹೋಟೆಲು, ರಾತ್ರಿ ಕನ್ನಡದ ರಾತ್ರಿ ಶಾಲೆ. ತುಳುನಾಡಿನ ಎಷ್ಟೋ ಹುಡುಗರು ಹಾಗೆ ಓದಿಯೇ ಮೇಲೆ ಬಂದರು. ಮಲಗುವುದು ಹೋಟೆಲಿನ ನೆಲದಲ್ಲೇ. ಇದ್ದ ಒಂದು ತಗಡಿನ ಟ್ರಂಕನ್ನು ಎಲ್ಲಿಟ್ಟರೂ ಯಾರಾದರೂ ಸರಿಸುತ್ತಿದ್ದರಂತೆ. ಕೊನೆಗೆ ಅಡುಗೆ ಭಟ್ಟರೊಬ್ಬರು ಮೆಟ್ಟಿಲ ಕೆಳಗೆ ಸೀಮೆಸುಣ್ಣದಿಂದ ಒಂದು ಚೌಕ ಎಳೆದು, "ಇದು ನಿನ್ನ ಟ್ರಂಕಿಗೆ, ಯಾರೂ ಮುಟ್ಟುವುದಿಲ್ಲ" ಎಂದರಂತೆ. ಅವತ್ತೇ ಊರಿಗೆ ಕಾಗದ ಬರೆದರಂತೆ, ನನಗೆ ಇಲ್ಲಿ ಜಾಗ ಸಿಕ್ಕಿತು ಎಂದು. ಮನೆಯವರು ಕೆಲಸ ಕಾಯಮ್ಮಾಯಿತು ಎಂದುಕೊಂಡು ದೇವರಿಗೆ ತುಪ್ಪದ ದೀಪ ಹಚ್ಚಿದರು. ಅಪ್ಪ ಈ ಕಥೆಯನ್ನು ನೂರು ಸಲ ಹೇಳಿದ್ದರು. ನಾನು ಅದನ್ನು ಸರಿಯಾಗಿ ಕೇಳಿಸಿಕೊಂಡದ್ದು ಈ ವಾರ.

ಒಂದರಿಂದ ಐದನೆಯ ತರಗತಿಯವರೆಗೆ ಮೂವತ್ತು ಮಕ್ಕಳಿಗೆ ಒಬ್ಬ ಶಿಕ್ಷಕರಿರಬೇಕು ಎನ್ನುತ್ತದೆ 2009ರ ಶಿಕ್ಷಣ ಹಕ್ಕು ಕಾಯ್ದೆ. ನಾನು ಸೇರಿದಾಗ ಮೂವತ್ತಕ್ಕೂ ಹೆಚ್ಚು ಮಕ್ಕಳಿದ್ದರು. ಈಗ ಇಪ್ಪತ್ತೆರಡು. ಮುಂದಿನ ಜೂನಿನಲ್ಲಿ ಎಷ್ಟಿರುತ್ತಾರೆ, ಈ ತರಗತಿಯನ್ನು ಇನ್ನೊಂದು ಶಾಲೆಯ ಜೊತೆ ಸೇರಿಸುತ್ತಾರೆಯೇ, ಮೇಸ್ತ್ರಿ ಬಂದು ಹೇಳಿದ ದಿನ ಅವಳ ಮನೆಯವರು ಯಾವ ಕಡೆಗೆ ಹೊರಡುತ್ತಾರೆ? ವರ್ಷ ಪೂರ್ತಿ ನಿನ್ನದೇ ಎಂದು ಹೇಳಲು ನನಗೆ ಯಾವ ಅಧಿಕಾರವಿತ್ತು? ಆದರೂ ಇನ್ನೊಮ್ಮೆ ಕೇಳಿದರೆ ಅದನ್ನೇ ಹೇಳುತ್ತೇನೆ. ಹೇಳಿ, ಅದು ಸುಳ್ಳಾಗದಂತೆ ಓಡಾಡುತ್ತೇನೆ.

ಬುಧವಾರ ಚಿತ್ರಗಳು ಮರಳಿ ಬಂದಿದ್ದವು. ಅವಳು ಈಚಲಮರವನ್ನು ಬೆರಳಿನಿಂದ ಸವರಿದಳು, ಕೊಪ್ಪೆಯನ್ನು ಮಾತ್ರ ತಗುಲಿಸಲಿಲ್ಲ. ನಾನೂ ಒತ್ತಾಯಿಸಲಿಲ್ಲ. ಗುರುವಾರ ತಗುಲಿಸಿದಳು, ಪ್ರಾರ್ಥನೆ ಮುಗಿಯುವವರೆಗೂ ಹಿಂದೆ ತಿರುಗಿ ತಿರುಗಿ ನೋಡಿದಳು.

ನಿನ್ನೆ ಶುಕ್ರವಾರ ಆ ಮೊಳೆಯಲ್ಲಿ ಒಂದು ನೀಲಿ ನೀರಿನ ಬಾಟಲಿ ನೇತಾಡುತ್ತಿತ್ತು. ಹಿಂದಿನ ದಿನ ಮಧ್ಯಾಹ್ನದ ಮಗು ಮರೆತುಹೋದದ್ದು.

"ಯಾರದು ಅಕ್ಕೋರೆ?"

"ಮಧ್ಯಾಹ್ನ ಬರುವ ಹುಡುಗನದು. ಅವನಿಗೂ ಇದೇ ಮರ."

ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಅವನು ಮತ್ತೆ ಬರುತ್ತಾನೆಯೇ?"

"ದಿನಾ ಬರುತ್ತಾನೆ."

ಬಾಟಲಿಯನ್ನು ತೆಗೆದು ಗೋಡೆಯ ಬುಡದಲ್ಲಿ ನೆಟ್ಟಗೆ ನಿಲ್ಲಿಸಿ, ತನ್ನ ಕೊಪ್ಪೆ ತಗುಲಿಸಿದಳು. ಗಂಟೆ ಹೊಡೆದಾಗ ಎಲ್ಲರೂ ಸಾಲಿಗೆ ಓಡಿದರು. ಅವಳು ಕೊಪ್ಪೆ ಹೊದ್ದುಕೊಂಡು, ಬಾಟಲಿಯ ಪಟ್ಟಿಯನ್ನು ಮೊಳೆಗೆ ಸಿಕ್ಕಿಸಿ, ಕೈಬಿಟ್ಟು ನೋಡಿ, ಬೀಳುವುದಿಲ್ಲ ಎಂಬುದು ಖಾತ್ರಿಯಾದ ಮೇಲೆ ಸಾಲಿನ ಕೊನೆಗೆ ಬಂದು ನಿಂತಳು.