ಧ್ವನಿ ಮುಗಿಯುವ ಊರು

ಬೀದರಿಗೆ ಹೊರಟಿದ್ದೇನೆ ಎಂದಾಗ ಅವ್ವ ಕೇಳಿದಳು: “ಯಾರ ಮದುವೆ?”

ಮದುವೆಯಲ್ಲ, ಸಾವಲ್ಲ, ಕೋರ್ಟಿನ ಕೆಲಸವೂ ಅಲ್ಲ. ನಮ್ಮ ಕಲಬುರಗಿಯ ಸಮುದಾಯ ಬಾನುಲಿ, ಎಂದರೆ ಸ್ಥಳೀಯರೇ ಸುತ್ತಲಿನವರಿಗಾಗಿ ನಡೆಸುವ ಪುಟ್ಟ ರೇಡಿಯೋ ಕೇಂದ್ರ, ಎಲ್ಲಿಯವರೆಗೆ ಕೇಳಿಸುತ್ತದೆ ಎಂದು ನೋಡಿಕೊಂಡು, ಹಾಗೆಯೇ ಮುಂದೆ ಬೀದರಿನ ಕಾಕಾನ ಮನೆಗೆ ಹೋಗಿ, ಅಲ್ಲಿಂದ ಗಡಿಯಾಚೆಯ ಇನ್ನೊಂದು ಬಾನುಲಿ ಸಿಗುತ್ತದೆಯೋ ಇಲ್ಲವೋ ನೋಡುತ್ತೇನೆ ಎಂದೆ. ಅವ್ವ ಸ್ವಲ್ಪ ಹೊತ್ತು ನನ್ನ ಮುಖ ನೋಡಿದಳು. “ಶೇಂಗಾ ಹಿಂಡಿ ಕಟ್ಟಿಕೊಡುತ್ತೇನೆ, ಕಾಕಾನಿಗೆ ಕೊಡು. ಅದಾದರೂ ಒಂದು ಕೆಲಸವಾಗುತ್ತದೆ.”

ಕೈಯಲ್ಲಿದ್ದದ್ದು ಅಂಗೈಯಗಲದ ರೇಡಿಯೋ. ಎರಡು ಪೆನ್ಸಿಲ್ ಸೆಲ್, ಎಳೆದರೆ ಮೊಳದುದ್ದ ಬರುವ ಏರಿಯಲ್ ಕಡ್ಡಿ, ಉಗುರಿನಿಂದ ತಿರುಗಿಸಬೇಕಾದ ಚಕ್ರ. ನನ್ನ ಹಳೆಯ ಮೊಬೈಲ್‌ನಲ್ಲಿ ಎಫ್‌ಎಂ ಇತ್ತು. ಇಯರ್‌ಫೋನ್ ಚುಚ್ಚಿದರೆ ಅದರ ತಂತಿಯೇ ಏರಿಯಲ್ ಆಗಿ ಹಾಡುತ್ತಿತ್ತು. ಹೊಸ ಮೊಬೈಲ್‌ನಲ್ಲಿ ಚುಚ್ಚುವ ತೂತೇ ಇಲ್ಲ. ಇಂಟರ್ನೆಟ್‌ನಲ್ಲಿ ಕೇಳಬಹುದಲ್ಲ ಎನ್ನುವವರಿದ್ದಾರೆ. ಅಮೆರಿಕದಲ್ಲೂ ಅಫಜಲಪುರದಲ್ಲೂ ಒಂದೇ ಸಮನೆ ಕೇಳಿಸುವ ಧ್ವನಿಯ ಮೇಲೆ ನನಗೆ ದ್ವೇಷವಿಲ್ಲ. ಆದರೆ ಅದನ್ನು ಕೇಳಲು ರೈಲು ಹತ್ತಬೇಕಾಗಿಲ್ಲ.

ಎಳ್ಳ ಅಮಾವಾಸ್ಯೆಗೆ ಇನ್ನು ನಾಲ್ಕು ದಿನವಿತ್ತು. ಬೆಳಗಿನ ಚಳಿಯಲ್ಲಿ ಒಂದು ಪ್ಲೇಟ್ ತಹರಿ ತಿಂದು ಶರಣಬಸವೇಶ್ವರ ಗುಡಿಯ ಪಕ್ಕದ ಅಪ್ಪನ ಕೆರೆಯ ದಂಡೆಯಲ್ಲಿ ಕುಳಿತು ಚಕ್ರವನ್ನು 90.8ಕ್ಕೆ ತಂದೆ. ಅಂತರವಾಣಿ. ಶರಣಬಸವೇಶ್ವರ ವಿದ್ಯಾವರ್ಧಕ ಸಂಘದವರ ಸಮುದಾಯ ಬಾನುಲಿ ಇದು. ಇಷ್ಟು ಹತ್ತಿರದಲ್ಲಿ ಕಡ್ಡಿ ಎಳೆಯುವ ಅಗತ್ಯವೂ ಇರಲಿಲ್ಲ. ಓದುವ ಹುಡುಗಿಯದೇ ಇರಬೇಕು ಆ ಧ್ವನಿ. ಒಂದು ಒತ್ತಕ್ಷರದಲ್ಲಿ ಎಡವಿ, ನಕ್ಕು, ಮತ್ತೆ ಹೇಳಿದಳು. ಹಾಳೆ ಮಗುಚಿದ ಸದ್ದೂ ಬಂತು. ದೊಡ್ಡ ಕೇಂದ್ರಗಳು ಈ ನಗೆಯನ್ನೂ ಹಾಳೆಯನ್ನೂ ಕತ್ತರಿಸಿ ಎಸೆಯುತ್ತವೆ. ನಾನು ರೇಡಿಯೋ ಕೇಳುವುದೇ ಆ ಹಾಳೆಯ ಸದ್ದಿಗಾಗಿ ಎಂದರೆ ಯಾರೂ ನಂಬುವುದಿಲ್ಲ.

ಸಮುದಾಯ ಬಾನುಲಿಗೆ ನಮ್ಮ ದೇಶದಲ್ಲಿ ಕೊಡುವ ಟ್ರಾನ್ಸ್‌ಮಿಟರಿನ ಶಕ್ತಿ ಸಾಮಾನ್ಯವಾಗಿ 50 ವ್ಯಾಟ್. ನಮ್ಮ ಪಡಸಾಲೆಯ ಹಳೆಯ ಸೀಲಿಂಗ್ ಫ್ಯಾನ್ ತಿರುಗಲು 75 ವ್ಯಾಟ್ ಬೇಕು. ಒಂದು ಫ್ಯಾನಿಗಿಂತ ಕಡಿಮೆ ಕಸುವಿನಲ್ಲಿ ಅರ್ಧ ಶಹರ, ಸುತ್ತಲಿನ ಹತ್ತಿಪ್ಪತ್ತು ಹಳ್ಳಿಗಳನ್ನು ಮಾತನಾಡಿಸುತ್ತಾರೆ. ನೆಲ ಸಪಾಟಾಗಿದ್ದರೆ ಹದಿನೈದು ಕಿಲೋಮೀಟರ್ ಹೋದೀತು. ಗುಡ್ಡ ಅಡ್ಡ ಬಂದರೆ ಅಲ್ಲಿಗೇ ಮುಗಿಯಿತು, ಏಕೆಂದರೆ ಎಫ್‌ಎಂ ಅಲೆಗಳು ಹೆಚ್ಚುಕಡಿಮೆ ಕಣ್ಣಳತೆಯ ದಾರಿ ಹಿಡಿದು ಹೋಗುವಂಥವು. ನಮ್ಮ ತೊಗರಿಯ ಎರೆಭೂಮಿ ಈ ಮಟ್ಟಿಗೆ ಉಪಕಾರಿ. ಅಡ್ಡ ಬರುವ ಗುಡ್ಡಗಳೇ ಕಡಿಮೆ.

ಕಲಬುರಗಿ–ಬೀದರ ರೈಲು ಓಡಲಾರಂಭಿಸಿದ್ದು 2017ರ ಅಕ್ಟೋಬರ್‌ನಲ್ಲಿ. 110 ಕಿಲೋಮೀಟರ್ ದಾರಿಗಾಗಿ ಎರಡು ತಲೆಮಾರು ಕಾದಿದ್ದವು. ನಾನು ಕಿಟಕಿಯ ಪಕ್ಕ ಕುಳಿತು, ಡಬ್ಬಿಯ ಕಬ್ಬಿಣ ಅಲೆಗಳನ್ನು ತಡೆಯುತ್ತದೆಯೆಂದು ಏರಿಯಲ್ ಕಡ್ಡಿಯನ್ನು ಸರಳುಗಳ ಸಂದಿಯಿಂದ ಆಚೆಗೆ ಚಾಚಿದೆ. ಎದುರು ಸೀಟಿನ ಹಿರಿಯರೊಬ್ಬರು ಹುಬ್ಬೇರಿಸಿದರು.

“ಸ್ಕೋರ್ ಬರುತ್ತದೆಯೇನು ರೀ?”

“ಇಲ್ಲ ರೀ, ಭಜ್ಜಿ ಮಾಡುವುದು ಹೇಳುತ್ತಿದ್ದಾರೆ.”

ಸುಳ್ಳಲ್ಲ. ಎಳ್ಳ ಅಮಾವಾಸ್ಯೆಯ ಭಜ್ಜಿಯ ಬಗ್ಗೆ ಹಳ್ಳಿಯ ಅಜ್ಜಿಯೊಬ್ಬಳನ್ನು ಮಾತನಾಡಿಸುತ್ತಿದ್ದರು. ಬೇರೆ ಕಡೆಯವರಿಗೆ ಒಂದು ಮಾತು: ಇದು ಎಣ್ಣೆಯಲ್ಲಿ ಕರಿದ ಭಜಿಯಲ್ಲ. ಹೊಲದಲ್ಲಿ ಆ ಹೊತ್ತಿಗೆ ಏನೇನು ಹಸಿರಾಗಿದೆಯೋ ಅಷ್ಟನ್ನೂ ಒಂದೇ ಪಾತ್ರೆಗೆ ಹಾಕಿ ಕುದಿಸಿ, ಸಜ್ಜೆ ರೊಟ್ಟಿಯ ಜೊತೆ ಹೊಲದಲ್ಲೇ ಕುಳಿತು ಉಣ್ಣುವ ಪಲ್ಯ. ಅಜ್ಜಿ ಎಣಿಸುತ್ತಿದ್ದಳು. ಪುಂಡಿಪಲ್ಲೆ, ಮೆಂತೆ, ಹಸಿ ಕಡಲೆ, ಹಸಿ ತೊಗರಿ, ಅವರೆ, ಬದನೆ, ಗಜ್ಜರಿ. ಮಾತನಾಡಿಸುವವಳು “ಆಮೇಲೆ?” ಎಂದಾಗಲೆಲ್ಲ ಅಜ್ಜಿ “ತಡಿ, ಹೇಳುತ್ತೇನೆ” ಎಂದು ಗದರಿಸುತ್ತಿದ್ದಳು. ಎದುರಿನ ಹಿರಿಯರು ಕ್ರಿಕೆಟ್ ಮರೆತು ಮುಂದಕ್ಕೆ ಬಾಗಿದರು. ತಾಜಸುಲ್ತಾನಪುರ ದಾಟಿತು. ಕಿಟಕಿಯಾಚೆ ಕೆಲವು ಹೊಲಗಳಲ್ಲಿ ತೊಗರಿ ಕೊಯ್ದು ರಾಶಿ ಒಟ್ಟಿದ್ದರು, ಬಿಳಿಜೋಳ ಮೊಣಕಾಲು ದಾಟಿ ನಿಂತಿತ್ತು.

ಧ್ವನಿ ಮೊದಲು ಸವೆಯಲಿಲ್ಲ, ಬಟ್ಟೆಯಂತೆ ಹರಿಯಿತು. ಎಫ್‌ಎಂಗೂ ಮುಂಚಿನ ಮೀಡಿಯಂ ವೇವ್ ಪ್ರಸಾರವಾಗಿದ್ದರೆ ನಿಧಾನವಾಗಿ ಬಾವಿಗಿಳಿದಂತೆ ಆಳಕ್ಕೆ ಹೋಗುತ್ತಿತ್ತು, ಪಕ್ಕದ ಕೇಂದ್ರವೂ ಅದರೊಳಗೆ ಬೆರೆಯುತ್ತಿತ್ತು. ಎಫ್‌ಎಂನ ಸ್ವಭಾವ ಬೇರೆ: ಇದ್ದರೆ ಪೂರ್ತಿ ಇರುತ್ತದೆ, ಅಂಚಿಗೆ ಬಂದಾಗ ಚೂರುಚೂರಾಗಿ ಒಡೆಯುತ್ತದೆ. ನಾಲ್ಕು ಪದ, ಸುಯ್ ಎಂಬ ಸದ್ದು, ಎರಡು ಪದ, ಮತ್ತೆ ಸುಯ್. “ಇಷ್ಟೆಲ್ಲ ಹಾಕಿದರೂ ರುಚಿ ಬರುವುದು ಒಂದೇ ಒಂದರಿಂದ,” ಎಂದಳು ಅಜ್ಜಿ. ಸುಯ್. ನಾನು ಕಡ್ಡಿಯನ್ನು ಎಡಕ್ಕೆ ತಿರುಗಿಸಿದೆ, ಹಿಂದಕ್ಕೆ ಬಗ್ಗಿಸಿದೆ. “...ಕೊನೆಗೆ ಹಾಕಬೇಕು,” ಎಂದಿತು ರೇಡಿಯೋ. ಅಷ್ಟೇ. ಮಹಾಗಾಂವ್ ಇನ್ನೂ ಬಂದಿರಲಿಲ್ಲ.

“ಏನು ಹಾಕಬೇಕಂತೆ?” ಎಂದರು ಹಿರಿಯರು.

“ಕೇಳಿಸಲಿಲ್ಲ ರೀ.”

“ಹಿಂದಿನ ಸ್ಟೇಷನ್‌ನಲ್ಲಿ ಇಳಿಯಬೇಕಿತ್ತು ನೀವು,” ಎಂದು ಅವರು ನಿಜವಾಗಿಯೂ ಬೇಸರಪಟ್ಟುಕೊಂಡರು.

ನಾನು ಹುಡುಕಿಕೊಂಡು ಬಂದದ್ದು ಇದೇ ಜಾಗ. ಗುರುತಿಗೊಂದು ಕಲ್ಲಿಲ್ಲ, ಬೋರ್ಡಿಲ್ಲ. ಬೇವಿನ ಮರವೊಂದಿತ್ತು, ಅದರ ಕೆಳಗೆ ನೀಲಿ ಪ್ಲಾಸ್ಟಿಕ್ ಕೊಡ. ಅದರಾಚೆಯ ಹೊಲದಲ್ಲಿ ಕೆಲಸ ಮಾಡುವವಳಿಗೆ ಆ ಅಜ್ಜಿ ಇಲ್ಲ, ಈಚೆಯವಳಿಗೆ ಇದ್ದಾಳೆ.

ಕಮಲಾಪುರದಲ್ಲಿ ಕೆಂಬಾಳೆ ಕೊಂಡೆ. ಮರಗುತ್ತಿಯ ಸುರಂಗದಲ್ಲಿ ರೇಡಿಯೋವನ್ನು ಸುಮ್ಮನೆ ಹಚ್ಚಿಯೇ ಇಟ್ಟಿದ್ದೆ. ಒಂದೂವರೆ ಕಿಲೋಮೀಟರ್‌ಗೂ ಉದ್ದದ ಕತ್ತಲೆಯಲ್ಲಿ ಬರಿಯ ಸುಯ್. ಹುಮನಾಬಾದ್ ಬರುವಷ್ಟರಲ್ಲಿ ಸೆಲ್ ಸತ್ತಿತು. ಹೊಸದೆಂದು ಮಾರಿದ ಅಂಗಡಿಯವನನ್ನು ಮನಸ್ಸಿನಲ್ಲೇ ಬೈದುಕೊಂಡು ನಿದ್ದೆ ಹೋದೆ.

ಕಾಕಾ ಸ್ಟೇಷನ್ನಿಗೆ ಬಂದಿದ್ದರು. ನಿವೃತ್ತ ಮೇಷ್ಟರು, ಮಫ್ಲರ್ ಸುತ್ತಿಕೊಂಡು ಚಳಿಗಾಲದ ಬೀದರಿನ ಜಾಹೀರಾತಿನಂತೆ ನಿಂತಿದ್ದರು. ಸೆಲ್ ಕೊಳ್ಳಲೆಂದು ಚೌಬಾರಾ ಹತ್ತಿರ ಹೋದೆವು. ನಾಲ್ಕು ಬೀದಿ ಕೂಡುವಲ್ಲಿ ನಿಂತಿರುವ ಆ ದುಂಡು ಕಾವಲುಗೋಪುರದ ಎತ್ತರ 71 ಅಡಿ. ಮೇಲೆ ನಿಂತವನಿಗೆ ಊರೂ ಊರಾಚೆಯ ಬಯಲೂ ಕಾಣುತ್ತಿದ್ದವು. ಸಮುದಾಯ ಬಾನುಲಿಯ ಏರಿಯಲ್ ಗೋಪುರಕ್ಕೆ ಸರ್ಕಾರದ ನೀತಿ ಹೇಳಿದ ಮಿತಿ 30 ಮೀಟರ್, ಎಂದರೆ 98 ಅಡಿ. ಚೌಬಾರಾಕ್ಕಿಂತ ಒಂದಿಷ್ಟು ಎತ್ತರ, ಅಷ್ಟೇ. ಕಣ್ಣಳತೆ, ಕಿವಿಯಳತೆಗಳ ಲೆಕ್ಕ ಐನೂರು ವರ್ಷಗಳಲ್ಲಿ ಹೆಚ್ಚೇನೂ ಬದಲಾಗಿಲ್ಲ ಎಂದೆ. ಕಾಕಾ, “ಸೆಲ್ ಒಳ್ಳೆಯದು ಕೊಡಪ್ಪ,” ಎಂದು ಅಂಗಡಿಯವನಿಗೆ ಹೇಳುತ್ತಿದ್ದರು.

ಮಧ್ಯಾಹ್ನ ಊಟವಾದ ಮೇಲೆ ಅವರು ತಮ್ಮ ತಂದೆಯ ರೇಡಿಯೋ ಲೈಸೆನ್ಸ್ ಪುಸ್ತಕ ತೆಗೆದರು. ರೇಡಿಯೋ ಇಟ್ಟುಕೊಳ್ಳಲು ಅಂಚೆ ಕಚೇರಿಯಲ್ಲಿ ದುಡ್ಡು ಕಟ್ಟಬೇಕಿದ್ದ ಕಾಲದ್ದು. ಅಂಚುಗಳನ್ನು ಹುಳ ತಿಂದಿತ್ತು, ಮುದ್ರೆಗಳು ಮಾತ್ರ ಸ್ಪಷ್ಟ. “ಇದು ಆಮೇಲಿನದು. 1948ರಲ್ಲಿ ನಮ್ಮ ಊರಿಗೆಲ್ಲ ಒಂದೇ ರೇಡಿಯೋ, ಸಾಹುಕಾರರ ಮನೆಯಲ್ಲಿ. ಕರೆಂಟ್ ಎಲ್ಲಿಂದ ಬರಬೇಕು, ಬ್ಯಾಟರಿಯ ಮೇಲೆ ನಡೆಯುತ್ತಿತ್ತು.” ಸೆಪ್ಟೆಂಬರ್ 17ರ ಸಂಜೆ ನಿಜಾಮರು ಹೈದರಾಬಾದಿನ ರೇಡಿಯೋದಲ್ಲಿ ಕದನವಿರಾಮ ಸಾರಿದಾಗ ಅಂಗಳದ ತುಂಬ ಜನ ನಿಂತಿದ್ದರಂತೆ. ಮಾತು ಕನ್ನಡದ್ದಲ್ಲ. ಕಾಕಾನ ತಂದೆ ಶಾಲೆ ಕಲಿತವರು. ಕಿಟಕಿಗೆ ಕಿವಿಗೊಟ್ಟು ಕೇಳಿ, ತಿರುಗಿ ಅಂಗಳಕ್ಕೆ ಕನ್ನಡದಲ್ಲಿ ಹೇಳಿದರಂತೆ. “ಅರ್ಧ ರೇಡಿಯೋ ಹೇಳಿದ್ದು, ಅರ್ಧ ಅಪ್ಪ ಸೇರಿಸಿದ್ದು,” ಎಂದು ಕಾಕಾ ನಕ್ಕರು.

ಭಜ್ಜಿಗೆ ಕೊನೆಗೆ ಹಾಕುವುದೇನು ಎಂದು ಕಾಕಿಯನ್ನು ಕೇಳಿದೆ. ಕಡಲೆ ಹಿಟ್ಟು ಎಂದಳು. ಪಕ್ಕದ ಮನೆಯಾಕೆ, ಅಲ್ಲ, ಹುಣಸೆ ರಸ ಎಂದಳು. ಆ ಅಜ್ಜಿ ಇವೆರಡನ್ನೂ ಹೇಳಿರಲಿಕ್ಕಿಲ್ಲ ಎಂದು ನನಗೆ ಇಂದಿಗೂ ಅನುಮಾನ.

ಸಂಜೆ ಮೋಟಾರ್ ಸೈಕಲ್ಲಿನಲ್ಲಿ ಜಹೀರಾಬಾದ್ ರಸ್ತೆ ಹಿಡಿದೆವು. ಬೀದರಿನಿಂದ ಮೂವತ್ತು ಕಿಲೋಮೀಟರ್ ಅಳತೆಯಲ್ಲಿರುವ ಜಹೀರಾಬಾದ್ ತೆಲಂಗಾಣದ್ದು. ಅದರ ಹತ್ತಿರದ ಮಾಚನೂರಿನಲ್ಲಿದೆ ಸಂಘಂ ರೇಡಿಯೋ, 90.4. ಅಲ್ಲಿಗೇ ಹೋಗಿ ಸ್ಟುಡಿಯೋ ನೋಡೋಣ ಎಂದು ಕಾಕಾ ಎರಡು ಸಲ ಹೇಳಿದರು. ಬೇಡವೆಂದೆ. ಸ್ಟುಡಿಯೋ ನೋಡಿದವರು ಆಮೇಲೆ ರೇಡಿಯೋ ಕೇಳುವುದಿಲ್ಲ, ಸ್ಟುಡಿಯೋವನ್ನು ನೆನೆಸಿಕೊಳ್ಳುತ್ತಾರೆ.

ದಾರಿಯುದ್ದಕ್ಕೂ ಹಿಂದೆ ಕುಳಿತ ಕಾಕಾನಿಗೆ ಆ ಕೇಂದ್ರದ ಕಥೆ ಹೇಳಿದೆ. ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ದಲಿತ ರೈತ ಮಹಿಳೆಯರು ನಡೆಸುವ ಬಾನುಲಿ ಅದು. ನವಣೆ, ಸಾವೆ, ಜೋಳ ಬೆಳೆಯುವವರು, ಬೀಜ ಕಾಪಿಡುವವರು. ಅವರ ಬೆನ್ನಿಗೆ ನಿಂತ ಪಿ.ವಿ. ಸತೀಶ್ ನಮ್ಮ ಮೈಸೂರಿನವರು, ದೂರದರ್ಶನದ ಕೆಲಸ ಮಾಡಿದ್ದವರು, 2023ರ ಮಾರ್ಚ್‌ನಲ್ಲಿ ತೀರಿಕೊಂಡರು. ತೊಂಬತ್ತರ ದಶಕದ ಕೊನೆಗೇ ಸ್ಟುಡಿಯೋ ಸಿದ್ಧವಾಗಿತ್ತು, ಪರವಾನಗಿ ಮಾತ್ರ ಬರಲಿಲ್ಲ. ಸುಮಾರು ಹತ್ತು ವರ್ಷ ಅವರು ಧ್ವನಿಮುದ್ರಿಸಿ, ಕ್ಯಾಸೆಟ್ಟುಗಳನ್ನು ಹೊತ್ತುಕೊಂಡು ಹೋಗಿ ಊರೂರಿನ ಸಂಘದ ಸಭೆಗಳಲ್ಲಿ ಕೇಳಿಸುತ್ತಿದ್ದರು. ಆಕಾಶದ ಅಲೆಗಳು ಸಾರ್ವಜನಿಕರ ಸ್ವತ್ತು ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿತ್ತು. 2002ರಲ್ಲಿ ಬಾಗಿಲು ತೆರೆದದ್ದು ಶಿಕ್ಷಣ ಸಂಸ್ಥೆಗಳಿಗೆ ಮಾತ್ರ. ಸಂಘಟನೆಗಳ ಸರದಿ ಬಂದದ್ದು 2006ರಲ್ಲಿ. ಮಾಚನೂರಿನಲ್ಲಿ ಪ್ರಸಾರ ಶುರುವಾದದ್ದು 2008ರ ಅಕ್ಟೋಬರ್ 15ರಂದು. ಉದ್ಘಾಟನೆಗೆ ಬಂದವರು ಆ 1995ರ ತೀರ್ಪಿನ ನ್ಯಾಯಮೂರ್ತಿ ಪಿ.ಬಿ. ಸಾವಂತ್.

“ಸುದ್ದಿ ಹೇಳುತ್ತಾರೇನು?” ಕಾಕಾನ ಪ್ರಶ್ನೆ.

ಇಲ್ಲ. ಸಮುದಾಯ ಬಾನುಲಿಯವರು ತಮ್ಮದೇ ಸುದ್ದಿ ಹೇಳುವಂತಿಲ್ಲ. ಬೇಕಾದರೆ ಆಕಾಶವಾಣಿಯ ವಾರ್ತೆಯನ್ನು ಇದ್ದ ಹಾಗೆಯೇ ಮರುಪ್ರಸಾರ ಮಾಡಬಹುದು. ಹವಾಮಾನ, ಪರೀಕ್ಷೆಯ ಫಲಿತಾಂಶ, ನೀರು-ವಿದ್ಯುತ್ತಿನ ಪ್ರಕಟಣೆಗಳು ಸುದ್ದಿಯಲ್ಲವೆಂದು ನಿಯಮವೇ ಹೇಳುತ್ತದೆ. ನಲ್ಲಿಯಲ್ಲಿ ನೀರು ಯಾವಾಗ ಬರುತ್ತದೆ ಎಂದು ಹೇಳಬಹುದು. ಏಕೆ ಬರಲಿಲ್ಲ ಎಂಬುದು ಸುದ್ದಿ. 1935ರಲ್ಲಿ ಮೈಸೂರಿನ ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಪುಟ್ಟ ಟ್ರಾನ್ಸ್‌ಮಿಟರ್ ಇಟ್ಟು ಆಕಾಶವಾಣಿ ಶುರುಮಾಡಿದಾಗ ಇಂಥ ನಿಯಮಗಳ ಕಾಟವಿದ್ದಿದ್ದರೆ ಆ ಪ್ರೊಫೆಸರರು ಸುಮ್ಮನೆ ಪಾಠ ಮಾಡಿಕೊಂಡಿರುತ್ತಿದ್ದರೇನೋ.

ಗಡಿಯ ಹತ್ತಿರ, ಇನ್ನೂ ನಮ್ಮ ಕಡೆಯೇ, ಒಂದು ಜೋಳದ ಹೊಲದ ಬದುವಿನ ಪಕ್ಕ ಗಾಡಿ ನಿಲ್ಲಿಸಿದೆ. ಕತ್ತಲಾಗಿತ್ತು. ಏಳು ಗಂಟೆಗೆ ಚಕ್ರ ತಿರುಗಿಸಿದೆ. ಸುಯ್. ಬದು ಹತ್ತಿದೆ, ರೇಡಿಯೋವನ್ನು ತಲೆಯ ಮೇಲೆ ಹಿಡಿದೆ, ಮಲಗಿಸಿದೆ. ಒಮ್ಮೆ ಹೆಂಗಸಿನ ಧ್ವನಿಯೊಂದು ಮಿಂಚಿ ಹೋಯಿತು. ಹೊಲ ಕಾಯಲು ಬಂದಿದ್ದ ಹುಡುಗನೊಬ್ಬ ಟಾರ್ಚ್ ಬೆಳಕು ಬಿಟ್ಟು ನಮ್ಮನ್ನು ನೋಡಿ, ಏನು ಕಳೆದುಕೊಂಡಿರಿ ಎಂದು ವಿಚಾರಿಸಿದ.

ಕಾಕಾ ತಾಳ್ಮೆಗೆಟ್ಟು, “ಕೊಡು ಇತ್ತ,” ಎಂದು ಕಡ್ಡಿಯ ತುದಿ ಹಿಡಿದು ಎಳೆದರು. ಹಿಡಿದ ಕ್ಷಣದಲ್ಲೇ ಸುಯ್ ನಿಂತು, ತೆಲುಗಿನ ಹಾಡು ಹೊಲದ ನಡುವೆ ಎದ್ದು ನಿಂತಿತು. ಮೂರ್ನಾಲ್ಕು ಹೆಂಗಸರು, ವಾದ್ಯವಿಲ್ಲ. ಮನುಷ್ಯನ ಮೈಯೂ ಏರಿಯಲ್ಲಿನಂತೆ ಕೆಲಸ ಮಾಡುತ್ತದೆ. ಮಾಸ್ತರರ ಐದೂವರೆ ಅಡಿ ಈಗ ಅದಕ್ಕೆ ಸೇರಿಕೊಂಡಿತ್ತು. ಅವರು ಬೆಚ್ಚಿ ಕೈಬಿಟ್ಟರು, ಹಾಡು ಮಾಯ. ಮತ್ತೆ ಹಿಡಿದರು, ಮತ್ತೆ ಬಂತು.

“ಬಿಡಬೇಡಿ ಕಾಕಾ.”

ನನಗೆ ತೆಲುಗು ಬರುವುದಿಲ್ಲ. ಗಡಿಯ ಶಾಲೆಗಳಲ್ಲಿ ಇಪ್ಪತ್ತು ವರ್ಷ ಕಳೆದ ಕಾಕಾನಿಗೆ ಬರುತ್ತದೆ. “ಬೀಸುವಾಗಿನ ಹಾಡು,” ಎಂದರು. ಸ್ವಲ್ಪ ಹೊತ್ತಿಗೆ ಹಾಡು ಮುಗಿದು ಮಾತು ಶುರುವಾಯಿತು. “ಬೀಜಕ್ಕೆ ಬೂದಿ ಹಚ್ಚಿಡುವುದು ಹೇಗೆ ಎನ್ನುತ್ತಿದ್ದಾಳೆ. ಬೇವಿನ ಎಲೆಯನ್ನೂ ಹಾಕು ಎನ್ನುತ್ತಾಳೆ. ಇನ್ನೊಬ್ಬಳು ಒಪ್ಪುತ್ತಿಲ್ಲ.” ಹುಡುಗ ಟಾರ್ಚ್ ಆರಿಸಿ ಹತ್ತಿರ ಬಂದು ಕುಕ್ಕರಗಾಲಿನಲ್ಲಿ ಕುಳಿತ. ಎಷ್ಟು ರೇಡಿಯೋ ಹೇಳಿದ್ದು, ಎಷ್ಟು ಕಾಕಾ ಸೇರಿಸಿದ್ದು, ನಾನು ಕೇಳಲಿಲ್ಲ.

ಚಳಿ ಏರಿತು. ಕೈ ಬದಲಿಸಬೇಕಾದಾಗ ಕಾಕಾ ಮೊದಲು ಎಡಗೈಯಿಂದ ಕಡ್ಡಿ ಹಿಡಿದು, ಆಮೇಲೆ ಬಲಗೈ ಬಿಟ್ಟು ಮಫ್ಲರಿನೊಳಗೆ ತೂರಿಸಿಕೊಂಡರು.