ಒಂದೇ ಪಾಠ, ನಾಲ್ಕು ಬಗೆಯ ಉತ್ತರ: ಮೂರು ವಾರಗಳ ಟಿಪ್ಪಣಿ

ಮೊದಲ ವಾರ

ಒಂಬತ್ತನೇ ತರಗತಿಯಲ್ಲಿ ‘ಶಬ್ದ’ ಪಾಠ ಮುಗಿಯಿತು. ಈ ಸಲದ ರೂಪಣಾತ್ಮಕ ಮೌಲ್ಯಮಾಪನದ (ಕಲಿಕೆಯ ನಡುವೆಯೇ ಮಾಡುವ ಮೌಲ್ಯಮಾಪನ) ಚಟುವಟಿಕೆಯನ್ನು ಮಕ್ಕಳ ಆಯ್ಕೆಗೇ ಬಿಟ್ಟಿದ್ದೇನೆ. ಪ್ರತಿ ವರ್ಷ ಎಲ್ಲರೂ ಒಂದೇ ಚಾರ್ಟ್ ಬರೆದು ತರುತ್ತಿದ್ದರು. ಎಷ್ಟೋ ಚಾರ್ಟುಗಳಲ್ಲಿ ಅಕ್ಕನದೋ ಅಣ್ಣನದೋ ಕೈಬರಹ ಕಾಣುತ್ತಿತ್ತು. ಮಗುವಿಗೆ ಏನು ತಿಳಿದಿದೆ ಎಂಬುದು ಮಾತ್ರ ಕಾಣುತ್ತಿರಲಿಲ್ಲ.

ಪ್ರಶ್ನೆ ಎಲ್ಲರಿಗೂ ಒಂದೇ: ಶಬ್ದ ಹೇಗೆ ಸಾಗುತ್ತದೆ, ಹೇಗೆ ಮರಳುತ್ತದೆ? ನೀವೇ ಕಂಡ ಉದಾಹರಣೆ ಕೊಟ್ಟು ವಿವರಿಸಿ. ಉತ್ತರವನ್ನು ಬರೆಯಬಹುದು, ಮೂರು ನಿಮಿಷ ಮಾತನಾಡಿ ಧ್ವನಿಮುದ್ರಿಸಬಹುದು, ಮಾದರಿ ಮಾಡಿ ತೋರಿಸಬಹುದು, ಇಲ್ಲವೇ ಮೊಬೈಲಿನಿಂದ ಅಳತೆ ಮಾಡಿ ಲೆಕ್ಕ ಒಪ್ಪಿಸಬಹುದು. ಮನೆಯ ಮೊಬೈಲನ್ನು ನೆಚ್ಚಿಕೊಳ್ಳುವಂತಿಲ್ಲ. ಅಪ್ಪ ಅದನ್ನು ಜೇಬಿನಲ್ಲಿಟ್ಟುಕೊಂಡು ಕೆಲಸಕ್ಕೆ ಹೋದರೆ ಮರಳುವುದು ರಾತ್ರಿಗೆ. ಹಾಗಾಗಿ ಮೊಬೈಲಿನ ಕೆಲಸವೆಲ್ಲ ಶಾಲೆಯಲ್ಲೇ, ನನ್ನದು ಮತ್ತು ಸಹೋದ್ಯೋಗಿಯೊಬ್ಬರದು ಎಂಬ ಎರಡೇ ಫೋನುಗಳಲ್ಲಿ.

ಕೆಲಸ ಶುರು ಮಾಡುವ ಮುನ್ನ ಪ್ಲಿಕರ್ಸ್ ಕಾರ್ಡುಗಳಿಂದ ತರಗತಿಯ ನಾಡಿ ನೋಡಿದೆ. ಪ್ರತಿ ಮಗುವಿಗೂ ಒಂದು ಕಾರ್ಡ್. ಅದರ ಚೌಕಾಕಾರದ ಚಿತ್ತಾರವನ್ನು ಯಾವ ಕಡೆ ಮೇಲಾಗಿಸಿ ಹಿಡಿಯುತ್ತಾರೋ ಅದೇ ಅವರ ಉತ್ತರ. ನನ್ನ ಫೋನಿನಲ್ಲಿ ಪ್ಲಿಕರ್ಸ್ ಆ್ಯಪ್ ತೆರೆದು ಕ್ಯಾಮೆರಾವನ್ನು ತರಗತಿಯತ್ತ ತಿರುಗಿಸಿದರೆ ಎಲ್ಲರ ಉತ್ತರವೂ ದಾಖಲಾಗುತ್ತದೆ; ಮಕ್ಕಳ ಬಳಿ ಯಾವ ಸಾಧನವೂ ಬೇಕಿಲ್ಲ. ಬಾಳಿಕೆ ಬರಲೆಂದು ಕಾರ್ಡುಗಳಿಗೆ ಹೊಳೆಯುವ ಲ್ಯಾಮಿನೇಷನ್ ಮಾಡಿಸಿದ್ದು ತಪ್ಪಾಯಿತು. ಕಿಟಕಿಯ ಬೆಳಕು ಪ್ರತಿಫಲಿಸಿ ಹಿಂದಿನ ಸಾಲಿನ ಕಾರ್ಡುಗಳನ್ನು ಫೋನು ಓದಲೇ ಇಲ್ಲ. ಮರುದಿನ ಬರೀ ದಪ್ಪ ಕಾಗದದಲ್ಲಿ ಮುದ್ರಿಸಿ ತಂದೆ.

ಹತ್ತು ಮೀಟರ್ ದೂರದ ಗೋಡೆಯಿಂದ ಪ್ರತಿಧ್ವನಿ ಪ್ರತ್ಯೇಕವಾಗಿ ಕೇಳುತ್ತದೆಯೇ ಎಂದು ಕೇಳಿದಾಗ ತರಗತಿಯ ಅರ್ಧಕ್ಕಿಂತ ಹೆಚ್ಚು ಮಕ್ಕಳು ಹೌದೆಂದರು. ಕನಿಷ್ಠ 17.2 ಮೀಟರ್ ಬೇಕು ಎಂಬ ವಾಕ್ಯವನ್ನು ಇದೇ ಮಕ್ಕಳು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡಿದ್ದರು. 0.1 ಸೆಕೆಂಡಿನ ಅಂತರವಿದ್ದರೆ ಮಾತ್ರ ಎರಡು ಶಬ್ದಗಳು ಬೇರೆಬೇರೆಯಾಗಿ ಕೇಳುತ್ತವೆ, ಗೋಡೆಗೆ ಹೋಗಿ ಬರಲು ಶಬ್ದಕ್ಕೆ ಕನಿಷ್ಠ ಅಷ್ಟು ಹೊತ್ತು ಹಿಡಿಯಬೇಕು ಎಂಬ ಕಾರಣ ಮನಸ್ಸಿಗೆ ಇಳಿದಿರಲಿಲ್ಲ. ಆ ಭಾಗವನ್ನು ಮತ್ತೊಮ್ಮೆ ಪಾಠ ಮಾಡಿದೆ.

ಎರಡನೇ ವಾರ

ಅಳತೆಯ ಗುಂಪಿನಲ್ಲಿ ಐವರು. ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದವರು ರೂಪಿಸಿದ ಫೈಫಾಕ್ಸ್ ಎಂಬ ಉಚಿತ ಆ್ಯಪ್‌ನಲ್ಲಿ ಶಬ್ದ ಕೇಳಿದೊಡನೆ ಶುರುವಾಗಿ, ಮತ್ತೊಂದು ಶಬ್ದಕ್ಕೆ ನಿಲ್ಲುವ ಗಡಿಯಾರವಿದೆ. ಎರಡು ಫೋನುಗಳನ್ನು ಐದು ಮೀಟರ್ ಅಂತರದಲ್ಲಿಟ್ಟೆವು. ಮೊದಲ ಫೋನಿನ ಪಕ್ಕ ಒಬ್ಬಳು ಚಪ್ಪಾಳೆ ತಟ್ಟುತ್ತಾಳೆ, ಎರಡೂ ಗಡಿಯಾರಗಳು ಓಡತೊಡಗುತ್ತವೆ. ಆಮೇಲೆ ಎರಡನೆಯದರ ಪಕ್ಕ ಇನ್ನೊಬ್ಬ ತಟ್ಟುತ್ತಾನೆ, ಎರಡೂ ನಿಲ್ಲುತ್ತವೆ. ಎರಡು ಫೋನುಗಳು ತೋರಿಸುವ ಸಮಯದ ವ್ಯತ್ಯಾಸವೇ ಶಬ್ದಕ್ಕೆ ಹತ್ತು ಮೀಟರ್ ಸಾಗಲು ಬೇಕಾದ ಕಾಲ.

ಮೊದಲ ದಿನ ಒಂದು ಅಳತೆಯೂ ಕೈಗೆ ಹತ್ತಲಿಲ್ಲ. ಬಿಸಿಯೂಟದ ಕುಕ್ಕರ್ ಕೂಗಿದಾಗಲೆಲ್ಲ ಗಡಿಯಾರ ತಾನೇ ಓಡುತ್ತಿತ್ತು. ಎಷ್ಟು ಜೋರಿನ ಶಬ್ದಕ್ಕೆ ಓಡಬೇಕೆಂಬ ಮಿತಿಯನ್ನು ಹೆಚ್ಚಿಸಿ, ಮರುದಿನ ಬೆಳಿಗ್ಗೆ ಪ್ರಾರ್ಥನೆಗೆ ಮೊದಲೇ ಸೇರಿದೆವು. ಹತ್ತು ಸಲ ತಟ್ಟಿ ಸರಾಸರಿ ತೆಗೆದಾಗ 0.029 ಸೆಕೆಂಡ್ ಬಂತು. ಒಬ್ಬ ಹುಡುಗ ಅಂಗೈ ಮೇಲೇ ಪೆನ್ನಿನಿಂದ ಭಾಗಾಕಾರ ಮಾಡಿ, ‘ಮೇಡಂ, 345! ಪುಸ್ತಕದಲ್ಲಿ 344 ಇದೆ’ ಎಂದು ಕೂಗಿದ. ಶಬ್ದದ ವೇಗ ಸೆಕೆಂಡಿಗೆ 344 ಮೀಟರ್ ಎಂಬ ಪುಸ್ತಕದ ಸಂಖ್ಯೆ 22 ಡಿಗ್ರಿ ಸೆಲ್ಸಿಯಸ್‌ಗೆ ಹೇಳಿದ್ದು ಎಂದು ನಾನು ನೆನಪಿಸಿದೆ. ‘ಹಾಗಾದರೆ ಮಧ್ಯಾಹ್ನ ಅಳೆದರೆ ಹೆಚ್ಚು ಬರಬೇಕಲ್ಲವೇ?’ ಎಂದು ಅವನೇ ಕೇಳಿದ. ಇಂಥ ಪ್ರಶ್ನೆ ಯಾವ ಚಾರ್ಟಿನಿಂದಲೂ ಹುಟ್ಟಿರಲಿಲ್ಲ.

ಮೂರನೇ ವಾರ

ಅಂಕ ಕೊಡಲು ಕುಳಿತಾಗ ನನ್ನದೇ ತಪ್ಪು ಕಣ್ಣಿಗೆ ಬಿತ್ತು. ಬಣ್ಣ ಹಚ್ಚಿದ ಅಂದದ ಮಾದರಿಯೊಂದಕ್ಕೆ ಪೂರ್ತಿ ಅಂಕ ಬರೆದಿದ್ದೆ. ಅದನ್ನು ಮಾಡಿದವಳಿಗೆ ನಿರ್ವಾತದಲ್ಲಿ ಶಬ್ದ ಏಕೆ ಸಾಗದು ಎಂದು ಹೇಳಲು ಬರಲಿಲ್ಲ. ಮಾನದಂಡವನ್ನು ಮತ್ತೆ ಬರೆದೆ: ವಿಷಯ ಸರಿಯಿದೆಯೇ, ಕಾರಣ ಹೇಳಿದ್ದಾರೆಯೇ, ಉದಾಹರಣೆ ಸ್ವಂತದ್ದೇ, ಸಂಖ್ಯೆ ಮತ್ತು ಏಕಮಾನ ಸರಿಯೇ. ನಾಲ್ಕು ಬಗೆಗೂ ಇವೇ ನಾಲ್ಕು. ಅಂದಕ್ಕೆ ಅಂಕವಿಲ್ಲ. ಹಾಳೆಯನ್ನು ಗೋಡೆಗೆ ಅಂಟಿಸಿ, ತಿದ್ದಿಕೊಳ್ಳಲು ಎಲ್ಲರಿಗೂ ಎರಡು ದಿನ ಕೊಟ್ಟೆ. ಮೊದಲ ದಿನವೇ ಅಂಟಿಸಬೇಕಿತ್ತು.

ಧ್ವನಿಮುದ್ರಣಗಳಲ್ಲಿ ಒಂದನ್ನು ಮೂರು ಸಲ ಕೇಳಿದೆ. ಬರವಣಿಗೆಯಲ್ಲಿ ಎರಡು ಸಾಲು ದಾಟದ ಹುಡುಗಿ. ಬಾವಿಗೆ ಬಿಂದಿಗೆ ಇಳಿಸುವಾಗ ಅಜ್ಜಿಯನ್ನು ಕೂಗಿದರೆ ದನಿ ಏಕೆ ಗುಂಯ್ ಎನ್ನುತ್ತದೆ, ಗೋಡೆ ಹತ್ತಿರವಿರುವುದರಿಂದ ಅದು ಏಕೆ ಪ್ರತಿಧ್ವನಿಯಾಗದೆ ಅನುರಣನೆಯಾಗುತ್ತದೆ (ಮತ್ತೆ ಮತ್ತೆ ಪ್ರತಿಫಲಿಸಿ ದನಿ ಉಳಿದುಕೊಳ್ಳುತ್ತದೆ) ಎಂದು ತಡವರಿಸದೆ ಹೇಳಿದ್ದಾಳೆ.

ಆದರೆ ಮುಂದಿನ ವರ್ಷ ಎಸ್‌ಎಸ್‌ಎಲ್‌ಸಿಯಲ್ಲಿ ಅವಳು ಬರೆಯಲೇಬೇಕು. ಆಯ್ಕೆ ಕೊಟ್ಟೆನೆಂದು ಬರವಣಿಗೆಯಿಂದ ಅವಳನ್ನು ದೂರವಿಟ್ಟರೆ ನಾನೇ ಅನ್ಯಾಯ ಮಾಡಿದಂತೆ. ನಿನ್ನೆ ಅವಳಿಗೆ ಇಯರ್‌ಫೋನ್ ಕೊಟ್ಟು, ಅವಳದೇ ಮಾತನ್ನು ಕೇಳಿಸಿಕೊಂಡು ಬರೆಯಲು ಹೇಳಿದೆ. ನಿಲ್ಲಿಸಿ, ಹಿಂದಕ್ಕೆ ಹೋಗಿ, ಮತ್ತೆ ಕೇಳಿ ಒಂದು ಪುಟ ಬರೆದಳು. ಕಾಗುಣಿತದ ತಪ್ಪುಗಳಿವೆ, ಕಾರಣ ಒಂದೂ ಬಿಟ್ಟುಹೋಗಿಲ್ಲ. ಸೋಮವಾರ ಇನ್ನೂ ನಾಲ್ವರು ಹೀಗೆಯೇ ಬರೆಯುತ್ತಾರೆ.