ಅಕ್ಷರ ಸಿಗದ ಸದ್ದು

ಕೊಡವರ ಕೈಲ್ ಪೊಳ್ದ್ ಹಬ್ಬಕ್ಕೆ ಕೊಡಗಿನ ನಾಪೋಕ್ಲು ಕಡೆಯ ಒಂದು ಮನೆಯಲ್ಲಿ ನೆಂಟರೆಲ್ಲ ಸೇರಿದ್ದರು. ಕಡಂಬಿಟ್ಟು, ಪಂದಿ ಕರಿ ಮುಗಿದು ಜಗಲಿಗೆ ಬಂದು ಕೂತ ಮೇಲೆ ಮಗುವನ್ನು ಕರೆದರು. ಎಲ್‌ಕೆಜಿ ಹುಡುಗಿ, ಐದು ಇನ್ನೂ ತುಂಬಿಲ್ಲ. ಯಾರೂ ಕೂರಿಸಿ ತಿದ್ದಿಸಿಲ್ಲ, ಆದರೂ ಪತ್ರಿಕೆ ಓದುತ್ತಾಳೆ. ‘ಜಿಲ್ಲಾಧಿಕಾರಿ’, ‘ವಿದ್ಯುತ್ ವ್ಯತ್ಯಯ’, ‘ಕಾಡಾನೆ ದಾಳಿ’ ಎಲ್ಲ ತಡವರಿಸದೆ ಓದಿದಳು. ಚಪ್ಪಾಳೆ ಬಿತ್ತು, ಎರಡು ಮೊಬೈಲುಗಳು ಮೇಲೆದ್ದವು. ಆಮೇಲೆ ಹಬ್ಬದ ಶುಭಾಶಯದ ಜಾಹೀರಾತಿಗೆ ಬಂದಳು. ‘ಕೈಲ್ ಪೊಳ್ದ್’ ಎಂದು ಓದಿ ನಿಂತುಬಿಟ್ಟಳು.

“ಕಡೆಗೆ ಒಂದು ಸದ್ದು ಇದೆ. ಅದಕ್ಕೆ ಅಕ್ಷರ ಹಾಕ್ಲಿಲ್ಲ.”

“ಅದೆಲ್ಲ ಇರ್ಲಿ ಕುಂಞಿ, ಇದನ್ನ ಓದು ನೋಡುವ,” ಎಂದು ದೊಡ್ಡಪ್ಪ ಪುಟ ತಿರುಗಿಸಿದರು.

ಈ ಎರಡು ಮಾತು ವಾರವಿಡೀ ತಲೆಯಲ್ಲಿ ಸುತ್ತುತ್ತಿವೆ. ಅಲ್ಲಿದ್ದ ಇಪ್ಪತ್ತು ಜನ ಚಪ್ಪಾಳೆ ತಟ್ಟಿದ್ದು ಅವಳ ಓದಿಗೆ. ಅವಳು ನಿಜಕ್ಕೂ ಅಪರೂಪದ ಮಗು ಎಂದು ತೋರಿಸಿದ್ದು ಅವಳು ಓದು ನಿಲ್ಲಿಸಿದ ಆ ಗಳಿಗೆ.

ಅವಳು ಹೇಳಿದ್ದು ಸರಿ. ಕೊಡವ ತಕ್ಕಿನಲ್ಲಿ, ಅಂದರೆ ಕೊಡವರ ಭಾಷೆಯಲ್ಲಿ, ಕನ್ನಡದ ಸ್ವರಗಳ ಜೊತೆಗೆ ಇನ್ನೆರಡು ಸ್ವರಗಳಿವೆ, ಅವುಗಳ ದೀರ್ಘ ರೂಪಗಳೂ ಇವೆ. ಒಂದನ್ನು ಹೇಳುವಾಗ ನಾಲಿಗೆ ಇ-ಉಗಳ ನಡುವೆ ಎಲ್ಲೋ ನಿಲ್ಲುತ್ತದೆ, ತುಟಿ ಗುಂಡಾಗುವುದಿಲ್ಲ. ‘ತಕ್ಕ್’, ‘ಪೊಳ್ದ್’ ಎಂದು ಕನ್ನಡದಲ್ಲಿ ಬರೆದು ಅರ್ಧಾಕ್ಷರಕ್ಕೆ ಬಿಡುತ್ತೇವೆ. ಬಾಯಲ್ಲಿ ಮಾತ್ರ ಅಲ್ಲೊಂದು ಪುಟ್ಟ ಸ್ವರ ಇದ್ದೇ ಇರುತ್ತದೆ. ಇಂಥ ಸದ್ದುಗಳಿಗೆ ಜಾಗ ಬೇಕೆಂದೇ ಸಾಹಿತಿ ಐ.ಮಾ. ಮುತ್ತಣ್ಣನವರಂಥವರು ಕೊಡವ ತಕ್ಕಿಗೆ ಬೇರೆ ಲಿಪಿ ರೂಪಿಸಲು ಹೊರಟದ್ದು. ಈ ಹುಡುಗಿ ಕಿವಿಯಲ್ಲಿ ಕೇಳಿದ್ದನ್ನೂ ಕಣ್ಣಲ್ಲಿ ಕಂಡದ್ದನ್ನೂ ತಾಳೆ ನೋಡಿ, ಲೆಕ್ಕ ಸರಿಹೋಗುತ್ತಿಲ್ಲ ಎಂದು ಹೇಳಿದಳು. ಬೇಗ ಓದುವ ಮಕ್ಕಳು ಹಲವರಿದ್ದಾರೆ. ಬರಹದಲ್ಲಿ ಏನು ಬಿಟ್ಟುಹೋಗಿದೆ ಎಂದು ಹೇಳುವ ಮಗು ಸಿಗುವುದು ಕಡಿಮೆ.

ಹಾಗೆಂದು ಓದು ಸಣ್ಣ ಸಂಗತಿಯೇನಲ್ಲ. ವರ್ಣಮಾಲೆಯ 49 ಅಕ್ಷರ ಬಂದರೆ ಕನ್ನಡ ಓದಲು ಬಂದಂತಲ್ಲ. 34 ವ್ಯಂಜನಗಳಿಗೆ ಹದಿನೈದರಂತೆ ಕಾಗುಣಿತವೇ 510 ರೂಪ, ಅದರ ಮೇಲೆ ಒತ್ತಕ್ಷರ. ಸಾಮಾನ್ಯವಾಗಿ ಮಕ್ಕಳಿಗೆ ಇದು ಪೂರ್ತಿ ಕೈವಶವಾಗುವಾಗ ಮೂರನೇ, ನಾಲ್ಕನೇ ತರಗತಿ ಆಗಿರುತ್ತದೆ. ಹಾಗಾಗಿ ನಾಲ್ಕು ವರ್ಷದ ಮಗು ಓದಿದರೆ ಮೊದಲು ತಿಳಿಯಬೇಕಾದದ್ದು, ಪದದ ಆಕಾರ ನೆನಪಿಟ್ಟು ಹೇಳುತ್ತಿದೆಯೋ, ಅಕ್ಷರ ಬಿಡಿಸಿ ಓದುತ್ತಿದೆಯೋ ಎಂಬುದು. ಇದಕ್ಕೆ ಅರ್ಥವೇ ಇಲ್ಲದ ಪದ ಬರೆದುಕೊಡಬೇಕು: ‘ಮಿಣೋಕ’, ‘ತರ್ಪೀಲೆ’, ‘ಗ್ಲೊಂಬ’. ಎಲ್ಲೂ ಕಂಡಿರದ ಪದವನ್ನು ಓದಿತೆಂದರೆ ಬಿಡಿಸಿ ಓದಲು ಬಂದಿದೆ ಎಂದರ್ಥ. ಅರ್ಕಾವತ್ತು ಇರುವ ಕಡೆ ಎಡವಿದರೆ ಚಿಂತೆಯಿಲ್ಲ, ದೊಡ್ಡ ಮಕ್ಕಳೂ ಎಡವುವ ಜಾಗ ಅದು.

ಎರಡನೆಯದು ಅರ್ಥ. ‘ಇದರ ಅರ್ಥ ಏನು?’ ಎಂದು ಬಾಯಿಬಿಟ್ಟು ಕೇಳಿದರೆ ಎಷ್ಟೋ ಮಕ್ಕಳು ಸುಮ್ಮನಾಗುತ್ತವೆ. ಗೊತ್ತಿಲ್ಲದೆ ಅಲ್ಲ, ವಿವರಿಸಿ ಹೇಳುವುದು ಬೇರೆಯೇ ಕೆಲಸ. ಅದರ ಬದಲು ಮಾತಾಡದೆ ಒಂದು ಚೀಟಿ ಕೊಡಬೇಕು. ಅಂದು ಜಗಲಿಯ ಗದ್ದಲ ಇಳಿದ ಮೇಲೆ ‘ಒಳಗೆ ಹೋಗಿ ಅಜ್ಜಿಯ ಕನ್ನಡಕ ತಾ’ ಎಂದು ಬರೆದುಕೊಟ್ಟಾಗ ಹುಡುಗಿ ಓದಿ, ಚೀಟಿಯನ್ನು ಮಡಚಿ ಕೈಯಲ್ಲಿ ಹಿಡಿದು ಒಳಗೆ ಹೋದಳು. ಕನ್ನಡಕ ತಂದಳು. ಜೊತೆಗೆ ಅಜ್ಜಿಯೂ ಬಂದರು, ಹಾಕಿಕೊಂಡಿದ್ದ ಕನ್ನಡಕ ಕಿತ್ತುಕೊಂಡು ಓಡಿದ್ದೇಕೆ ಎಂದು ಕೇಳಲು.

ಈ ಪರೀಕ್ಷೆ ಮಾಡಲು ಕಾರಣವಿದೆ. ತೀರಾ ಬೇಗ, ತೀರಾ ಚೆನ್ನಾಗಿ ಓದಿಯೂ ಓದಿದ್ದರ ಅರ್ಥ ಅಷ್ಟಾಗಿ ಹಿಡಿಯದ ಮಕ್ಕಳಿದ್ದಾರೆ. ಇದಕ್ಕೆ ಹೈಪರ್‌ಲೆಕ್ಸಿಯಾ ಎಂಬ ಹೆಸರು 1967ರಿಂದ ಬಳಕೆಗೆ ಬಂತು. ಆಟಿಸಂ ಇರುವ ಕೆಲವು ಮಕ್ಕಳಲ್ಲೂ ಇದು ಕಾಣುತ್ತದೆ. ಹೆಸರು ಕರೆದರೆ ತಿರುಗದಿರುವುದು, ಬೇಕಾದದ್ದನ್ನು ಬೆರಳಿಟ್ಟು ತೋರಿಸದಿರುವುದು, ಮಾತಿಗೆ ಮಾತು ಕೊಡದೆ ಕೇಳಿದ್ದನ್ನೇ ಮತ್ತೆ ಮತ್ತೆ ಹೇಳುವುದು, ಇವು ಓದಿನ ಜೊತೆಗೇ ಕಂಡರೆ ಮಕ್ಕಳ ತಜ್ಞರಿಗೆ ತೋರಿಸಬೇಕು. ‘ಇಷ್ಟು ಬುದ್ಧಿವಂತ ಮಗುವಿಗೆ ಏನಾಗುತ್ತೆ’ ಎಂದು ಮುಂದೂಡುವುದು ಮನೆಮನೆಯಲ್ಲೂ ನಡೆಯುವ ತಪ್ಪು. ಆ ಮಕ್ಕಳ ಓದು ಸುಳ್ಳಲ್ಲ. ಮಾತು ಕಲಿಸಲು ಆ ಓದನ್ನೇ ದಾರಿಯಾಗಿ ಬಳಸಬಹುದು. ಆದರೆ ಅದಕ್ಕೆ ಬೇಗ ಗೊತ್ತಾಗಬೇಕು.

ದೊಡ್ಡಪ್ಪನ ಬಗ್ಗೆ ಹೇಳಲೇಬೇಕು. ಒಳ್ಳೆಯ ಮನುಷ್ಯ, ಮಗುವಿನ ಮೇಲೆ ಪ್ರಾಣ. 500ರ ನೋಟು ಕೊಟ್ಟು, “ಇವಳನ್ನ ನೇರ ಎರಡನೇ ಕ್ಲಾಸಿಗೆ ಹಾಕಿ, ಡಬಲ್ ಪ್ರಮೋಷನ್,” ಎಂದರು. ಒಂದನೇ ತರಗತಿಗೇ ಆರು ತುಂಬಿರಬೇಕೆಂಬ ನಿಯಮ ಇರುವಾಗ ಅದು ಸುಲಭವಲ್ಲ. ನಿಯಮ ಇಲ್ಲದಿದ್ದರೂ ಕೂಡದು. ಓದು ಎಂಟು ವರ್ಷದ್ದಾದರೂ ಕೈ ನಾಲ್ಕು ವರ್ಷದ್ದೇ. ಮಣಿಕಟ್ಟಿನ ಮೂಳೆಗಳು ಈ ವಯಸ್ಸಿಗೆ ಇನ್ನೂ ಪೂರ್ತಿ ಬಲಿತಿರುವುದಿಲ್ಲ. ಎರಡನೇ ತರಗತಿಯವರಂತೆ ಪುಟಗಟ್ಟಲೆ ಕಾಪಿ ಬರೆಸಿದರೆ ಕೈ ಸೋಲುತ್ತದೆ, ಅಕ್ಷರ ಸೊಟ್ಟಗಾಗುತ್ತದೆ, ಬೈಗುಳ ಬೀಳುತ್ತದೆ, ಕಡೆಗೆ ಓದಿನ ಮೇಲೇ ಬೇಸರ ಬರುತ್ತದೆ. ಇಂಥ ಮಕ್ಕಳು ಕೆಡುವುದು ಹೆಚ್ಚಾಗಿ ಹೀಗೆಯೇ. ಮಾಡಬೇಕಾದದ್ದು ಬೇರೆ. ಮಗು ಹೇಳಿದ್ದನ್ನು ದೊಡ್ಡವರು ಬರೆದುಕೊಡಬೇಕು. ದಪ್ಪ ತ್ರಿಕೋನದ ಪೆನ್ಸಿಲ್ ಅಥವಾ ಸ್ಲೇಟು ಸಾಕು, ಅದೂ ಹತ್ತು ನಿಮಿಷ. ಶಾಲೆ ಒಪ್ಪಿದರೆ ದಿನಕ್ಕೊಂದು ಪೀರಿಯಡ್ ಕತೆಪುಸ್ತಕಕ್ಕೆ ಮಾತ್ರ ಮೇಲಿನ ತರಗತಿಯಲ್ಲಿ ಕೂರಲಿ. ಆಟ, ಊಟ, ಹಾಡು ತನ್ನ ವಯಸ್ಸಿನವರ ಜೊತೆಗೇ ಇರಲಿ.

ನೋಟು ಕೊಟ್ಟದ್ದೂ ಸರಿ ಕಾಣಲಿಲ್ಲ. 1998ರಲ್ಲಿ ಮನಶ್ಶಾಸ್ತ್ರಜ್ಞರಾದ ಕ್ಲಾಡಿಯಾ ಮುಲ್ಲರ್, ಕ್ಯಾರಲ್ ಡ್ವೆಕ್ ಐದನೇ ತರಗತಿಯ ಮಕ್ಕಳ ಮೇಲೆ ಮಾಡಿದ ಪ್ರಯೋಗಗಳು ಪ್ರಕಟವಾದವು. ‘ನೀನು ಬುದ್ಧಿವಂತ’ ಎಂದು ಹೊಗಳಿಸಿಕೊಂಡವರು ಮುಂದೆ ತಮಗೆ ಸುಲಭವಾಗಿ ಬಗೆಹರಿಯುವ ಸಮಸ್ಯೆಗಳನ್ನೇ ಆರಿಸಿಕೊಳ್ಳುವ ಕಡೆ ವಾಲಿದರು; ‘ಶ್ರಮಪಟ್ಟೆ’ ಎನ್ನಿಸಿಕೊಂಡವರು ಹೆಚ್ಚು ಕಲಿಯಲು ಸಿಗುವಂಥದ್ದಕ್ಕೆ ಕೈಹಾಕಿದರು. ಅವರು ಈ ಹುಡುಗಿಗಿಂತ ದೊಡ್ಡ ಮಕ್ಕಳು, ನಿಜ. ಆದರೂ ಜಗಲಿಯ ಪಾಠ ಅದೇ ದಿಕ್ಕಿನದು: ದೊಡ್ಡ ಪದ ಓದಿದರೆ ನೋಟು, ಅನುಮಾನ ಬಂದರೆ ‘ಅದೆಲ್ಲ ಇರ್ಲಿ’. ಎರಡು ಹಬ್ಬ ಹೀಗೇ ಕಳೆದರೆ ಅನುಮಾನ ಪಡುವುದನ್ನು ಮಗು ತಾನಾಗಿಯೇ ಬಿಡುತ್ತದೆ.

ಚಿತ್ರದ ವಿಷಯದಲ್ಲೂ ಇದೇ ಗೊಂದಲ. ಕಾರ್ಟೂನ್ ನೋಡಿ ಅಚ್ಚುಕಟ್ಟಾಗಿ ನಕಲು ತೆಗೆಯುವ ಮಗುವನ್ನು ಎಲ್ಲರೂ ಕಲಾವಿದ ಎನ್ನುತ್ತಾರೆ. ಮೂರು-ನಾಲ್ಕರ ವಯಸ್ಸಿನಲ್ಲಿ ಮಕ್ಕಳು ಮನುಷ್ಯನನ್ನು ಬರೆದರೆ ತಲೆಗೇ ಕೈಕಾಲು ಅಂಟಿರುತ್ತದೆ. ಆನೆ ಮರದ ಹಿಂದಿದ್ದರೂ ಮೈಯೆಲ್ಲ ಮರದೊಳಗೇ ಕಾಣುತ್ತದೆ. ಆ ವಯಸ್ಸಿನಲ್ಲೇ ಮರೆಯಾದ ಭಾಗವನ್ನು ಬರೆಯದೆ ಬಿಡುವ ಮಗು, ಕಂಡದ್ದನ್ನು ಕಂಡ ಹಾಗೆ ಹಿಡಿಯುತ್ತಿದೆ ಎಂದು ತಿಳಿಯಬೇಕು. ಇನ್ನೊಂದು ಗುರುತು ಹಟ. ಕೊಚ್ಚಿಯ ಎಡ್ಮಂಡ್ ಥಾಮಸ್ ಕ್ಲಿಂಟ್ 1983ರಲ್ಲಿ ಏಳು ತುಂಬುವ ಮೊದಲೇ ತೀರಿಕೊಂಡಾಗ ಬಿಟ್ಟುಹೋದದ್ದು ಸುಮಾರು 25,000 ಚಿತ್ರ. ಯಾರ ಒತ್ತಾಯಕ್ಕೂ ಅಷ್ಟು ಬರೆಯಲಾಗದು. ಊಟಕ್ಕೆ ಕರೆದರೂ ಏಳದೆ ಅದೇ ಗೆರೆಯನ್ನು ಮತ್ತೆ ಮತ್ತೆ ಎಳೆಯುವ ಮಗುವಿಗೆ ಬೇಕಾದದ್ದು ಕಾಗದ. ಅಗ್ಗದ ಕಾಗದವೇ ಆಗಲಿ, ಕೈಗೆ ಸಿಗುವಲ್ಲಿರಲಿ. ಹಿಂಬದಿಯಲ್ಲಿ ತಾರೀಕು, ಮಗು ಏನು ಬರೆದೆ ಎಂದಿತೋ ಆ ಮಾತು, ಇಷ್ಟು ಗುರುತು ಹಾಕಿ ಎತ್ತಿಡಬೇಕು. ಚೆನ್ನಾಗಿ ಬಂದದ್ದನ್ನು ಮಾತ್ರ ಇಟ್ಟುಕೊಂಡರೆ ಬೆಳೆದ ದಾರಿ ಕಾಣುವುದಿಲ್ಲ.

ಪರೀಕ್ಷೆ ಅಂಕಗಳನ್ನೂ ಪೂರ್ತಿ ನಂಬುವಂತಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಮನಶ್ಶಾಸ್ತ್ರಜ್ಞ ಲೂಯಿಸ್ ಟರ್ಮನ್ 1921ರಲ್ಲಿ ಶುರುಮಾಡಿದ ದೊಡ್ಡ ಅಧ್ಯಯನಕ್ಕೆ ಬುದ್ಧಿಮಾಪನದಿಂದ ಸುಮಾರು 1,500 ಮಕ್ಕಳನ್ನು ಆರಿಸಿಕೊಂಡರು. ಅಂಕ ಸಾಲದೆ ಬಿಟ್ಟುಹೋದವರಲ್ಲಿ ವಿಲಿಯಂ ಶಾಕ್ಲಿ, ಲೂಯಿಸ್ ಆಲ್ವರೆಜ್ ಇದ್ದರು; ಇಬ್ಬರಿಗೂ ಮುಂದೆ ಭೌತಶಾಸ್ತ್ರದ ನೊಬೆಲ್ ಬಂತು, 1956ರಲ್ಲಿ ಮತ್ತು 1968ರಲ್ಲಿ.

ಬಿಟ್ಟುಹೋಗುವವರು ಎಂದಾಗ ಅಂದೇ ಕಂಡ ಇನ್ನೊಂದು ಮಗು. ತೋಟದ ಕೆಲಸಗಾರರ ಲೈನ್ ಮನೆಯಲ್ಲಿ ಅಸ್ಸಾಮಿನ ಕುಟುಂಬವೊಂದಿದೆ, ಅವರ ಐದು ವರ್ಷದ ಹುಡುಗ. ತಾಯಿ ಅಡುಗೆಮನೆ ಬಾಗಿಲಲ್ಲಿ ನಿಂತು ಏನೋ ಉದ್ದಕ್ಕೆ ಹೇಳಿದಳು. ಹುಡುಗ ಅಜ್ಜಿಯ ಕಡೆ ತಿರುಗಿ ಕೊಡವ ತಕ್ಕಿನಲ್ಲಿ ಎರಡೇ ಮಾತಿನಲ್ಲಿ ಮುಗಿಸಿದ: ನಾಳೆ ಅಮ್ಮನಿಗೆ ಬರಲಾಗದು, ನಾಡಿದ್ದು ಬರುತ್ತಾಳೆ. ಅಷ್ಟರಲ್ಲಿ ಜೀಪಿನ ಡ್ರೈವರ್ ಏನೋ ಕೇಳಿದ, ಅವನಿಗೆ ಕನ್ನಡದಲ್ಲಿ ಉತ್ತರ ಕೊಟ್ಟ. ಯಾರಿಗೆ ಯಾವ ಭಾಷೆ ಎಂದು ಒಂದು ಕ್ಷಣವೂ ಯೋಚಿಸಲಿಲ್ಲ, ಒಂದರ ಪದ ಇನ್ನೊಂದರಲ್ಲಿ ಬೆರೆಯಲಿಲ್ಲ. ತಾಯಿ ‘ನನಗೆ’ ಎಂದದ್ದು ಅವನ ಬಾಯಲ್ಲಿ ‘ಅಮ್ಮನಿಗೆ’ ಆಗಬೇಕು, ಉದ್ದದ ಮಾತಿನಲ್ಲಿ ಅಜ್ಜಿಗೆ ಬೇಕಾದದ್ದು ಯಾವುದೆಂದು ಆರಿಸಬೇಕು, ಹಿರಿಯರಿಗೆ ಒಪ್ಪುವಂತೆ ಹೇಳಬೇಕು. ಇದಿಷ್ಟನ್ನೂ ಕಾಲಿನಲ್ಲಿ ಚೆಂಡು ಉರುಳಿಸುತ್ತಲೇ ಮಾಡಿದ. ಅವನನ್ನು ಯಾರೂ ಜಗಲಿಗೆ ಕರೆಯಲಿಲ್ಲ. ಈ ಹುಡುಗನಿಗೆ ಇನ್ನೂ ‘ಅ’ ಬರೆಯಲು ಬರುವುದಿಲ್ಲ, ಆದ್ದರಿಂದ ಹಿಂದುಳಿದವನೆಂದೇ ಅಲ್ಲಿದ್ದವರ ಲೆಕ್ಕ. ಇದು ಅನ್ಯಾಯ. ಹುಡುಗಿಯ ಕಿವಿ, ಈ ಹುಡುಗನ ನಾಲಿಗೆ ಎರಡೂ ಒಂದೇ ಬೆಲೆಯವು. ಒಂದು ಅಚ್ಚಿನ ಕಾಗದದ ಮೇಲೆ ಕಾಣಿಸಿತು, ಇನ್ನೊಂದು ಅಡುಗೆಮನೆ ಬಾಗಿಲಲ್ಲಿ.

ಹುಡುಗಿಯ ತಾಯಿಗೆ ಹೇಳಿದ್ದು ಇಷ್ಟು: ಅಕ್ಷರ ಇಲ್ಲದ ಸದ್ದು ಎಲ್ಲೆಲ್ಲಿ ಸಿಗುತ್ತದೆ ಎಂದು ಅವಳೇ ಹುಡುಕಲಿ, ಅದಕ್ಕೊಂದು ಗುರುತು ಅವಳೇ ಮಾಡಿಕೊಳ್ಳಲಿ, ತಿದ್ದಬೇಡಿ. ಅಜ್ಜಿ ಮಾತಾಡುವಾಗ ಪಕ್ಕದಲ್ಲಿ ಕೂತು ಪದ ಆರಿಸುವುದೇ ಆಟವಾಗಲಿ. ಹುಡುಗನದು ಕಷ್ಟ. ಅವನನ್ನು ಗಮನಿಸಬಲ್ಲವರು ಅಂಗನವಾಡಿಯವರು ಮಾತ್ರ. ತೂಕ, ಎತ್ತರ ನೋಡುವ ದಿನ ಒಂದು ಹಾಳೆಯಲ್ಲಿ ನಾಲ್ಕು ಸಾಲು ಬರೆದಿಡಬಹುದು: ಯಾವ ಯಾವ ಭಾಷೆ ಆಡುತ್ತಾನೆ, ಯಾರ ಜೊತೆ, ಕೇಳಿದ ಕತೆಯನ್ನು ಇನ್ನೊಂದು ಭಾಷೆಯಲ್ಲಿ ಹೇಳುತ್ತಾನೋ, ಎಲ್ಲಿ ತಡೆಯುತ್ತಾನೆ. ಕಾಫಿ ಕೊಯ್ಲು ಮುಗಿದು ಮಾರ್ಚ್ ಹೊತ್ತಿಗೆ ಆ ಕುಟುಂಬ ಬೇರೆ ತೋಟಕ್ಕೋ ಊರಿಗೋ ಹೊರಟರೆ, ಮುಂದಿನ ಟೀಚರಿಗೆ ತೋರಿಸಲು ಆ ಹಾಳೆ ತಾಯಿಯ ಕೈಯಲ್ಲಿರಬೇಕು, ಲಸಿಕೆಯ ಕಾರ್ಡಿನ ಜೊತೆಗೆ.